ಹೆಪ್ಪುಗಟ್ಟಿದ ಹಣ್ಣಿನ ತಿರುಳಿನಲ್ಲಿ ರೋಗಾಣುಗಳು

ಹಣ್ಣಿನ ಕಾಲ ಮುಗಿದ ಮೇಲೂ ಅದರ ರುಚಿ ತನ್ನೊಡನೆ ಉಳಿಯಬೇಕೆಂಬ ಆಸೆ ಮನುಷ್ಯನಿಗೆ ಬಹು ಹಳೆಯದು. ನಮ್ಮ ಕರಾವಳಿಯ ಮನೆಗಳಲ್ಲಿ ಮಾವಿನ ರಸವನ್ನು ಚಾಪೆಯ ಮೇಲೆ ಪದರಪದರವಾಗಿ ಬಳಿದು, ಬಿಸಿಲಿನಲ್ಲಿ ಒಣಗಿಸಿ ಮಾಂಬಳ ಮಾಡಿಡುವ ವಾಡಿಕೆಯುಂಟು. ಸಕ್ಕರೆಯ ಪಾಕದಲ್ಲಿ ಬೇಯಿಸಿ ಮೊರಬ್ಬ ಮಾಡುವುದು ಇನ್ನೊಂದು ವಿಧಾನ. ಈ ಎರಡರಲ್ಲಿಯೂ ಹಣ್ಣು ಉಳಿಯುತ್ತದೆ, ಆದರೆ ತನ್ನ ಮೊದಲಿನ ರೂಪವನ್ನು ಕಳೆದುಕೊಳ್ಳುತ್ತದೆ. ಇಂದಿನ ಗ್ರಾಹಕನಿಗೆ ಇಷ್ಟರಿಂದ ತೃಪ್ತಿಯಿಲ್ಲ. ಆಗತಾನೆ ಸುಲಿದ ಹಣ್ಣಿನ ಬಣ್ಣ, ಪರಿಮಳ, ಮೃದುತ್ವ ಎಲ್ಲವೂ ವರ್ಷವಿಡೀ ದೊರೆಯಬೇಕು. ಸುಲಿಯುವ ಶ್ರಮ ಮಾತ್ರ ಇರಬಾರದು. ಈ ಬಯಕೆಯನ್ನು ಪೂರೈಸಲೆಂದು ಅಂಗಡಿಗಳಿಗೆ ಬಂದಿರುವುದೇ ಹೆಪ್ಪುಗಟ್ಟಿಸಿದ ಹಣ್ಣಿನ ತಿರುಳು. ಕಲ್ಲಿನಂತೆ ಗಟ್ಟಿಯಾಗಿ, ಹೊರಗೆಲ್ಲ ಹಿಮ ಹಿಡಿದಿರುವ ಆ ಪೊಟ್ಟಣವನ್ನು ಕೈಯಲ್ಲಿ ಹಿಡಿದವನಿಗೆ, ಇಂತಹ ಶೀತದಲ್ಲಿ ಯಾವ ರೋಗಾಣು ತಾನೆ ಬದುಕೀತು ಎಂದು ತೋರುವುದು ಸಹಜ. ಈ ಭಾವನೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ಇಲ್ಲಿ ವಿಚಾರಿಸೋಣ.

1998ರ ಕೊನೆಯಿಂದ 1999ರ ಆರಂಭದವರೆಗಿನ ಚಳಿಗಾಲದಲ್ಲಿ ಅಮೆರಿಕದ ಫ್ಲಾರಿಡ ಸಂಸ್ಥಾನದಲ್ಲಿ ಕನಿಷ್ಠ 16 ಜನ ಟೈಫಾಯಿಡ್ ಜ್ವರಕ್ಕೆ ತುತ್ತಾದರು. ನಮ್ಮ ದೇಶದಲ್ಲಾಗಿದ್ದರೆ ಈ ಸಂಖ್ಯೆಯನ್ನು ಯಾರೂ ಗಮನಿಸುತ್ತಿರಲಿಲ್ಲವೇನೋ. ಆದರೆ ಅಮೆರಿಕದಲ್ಲಿ ಆ ಜ್ವರ ಬಹು ವಿರಳ. ಅಲ್ಲಿ ಅದು ಬರುವುದು ಹೆಚ್ಚಾಗಿ ಪರದೇಶಗಳನ್ನು ಸುತ್ತಿ ಹಿಂದಿರುಗಿದವರಿಗೆ. ಈ ರೋಗಿಗಳಿಗೆ ಜ್ವರ ತಗುಲಿದುದು ಪ್ರಯಾಣದಿಂದಲ್ಲ, ಊರಿನಲ್ಲಿಯೇ ತಿಂದ ಯಾವುದೋ ಆಹಾರದಿಂದ. ಆರೋಗ್ಯಾಧಿಕಾರಿಗಳು ರೋಗಿಗಳು ಏನೇನು ತಿಂದಿದ್ದರು ಎಂದು ವಿಚಾರಿಸಿದರು. ಅವರಂತೆಯೇ ಇದ್ದೂ ಜ್ವರ ಬಾರದವರನ್ನು ಸಹ ಅದೇ ಪ್ರಶ್ನೆಗಳನ್ನು ಕೇಳಿದರು. ಎರಡು ಪಟ್ಟಿಗಳನ್ನು ಹೋಲಿಸಿದಾಗ ಒಂದು ಪದಾರ್ಥ ಎದ್ದು ಕಂಡಿತು. ಅದು ಹೆಪ್ಪುಗಟ್ಟಿಸಿದ ಮಾಮೆ ಹಣ್ಣಿನ ತಿರುಳನ್ನು ಹಾಲಿನೊಡನೆ ಕಡೆದು ಮಾಡಿದ ತಂಪುಪಾನೀಯ.

ಮಾಮೆ ಎಂಬುದು ಮಧ್ಯ ಅಮೆರಿಕ ಮತ್ತು ದಕ್ಷಿಣ ಮೆಕ್ಸಿಕೊ ಪ್ರದೇಶಗಳ ಹಣ್ಣು. ನಮ್ಮ ಸಪೋಟದ ಕುಲಕ್ಕೆ ಸೇರಿದುದು. ಸಪೋಟವೂ ಮೂಲತಃ ಆ ಕಡೆಯಿಂದಲೇ ನಮ್ಮಲ್ಲಿಗೆ ಬಂದುದು. ಹೊರಗೆ ಒರಟಾದ ಕಂದು ಸಿಪ್ಪೆ, ಒಳಗೆ ಕೆಂಪು ಮಿಶ್ರಿತ ಕಿತ್ತಳೆ ಬಣ್ಣದ ಸಿಹಿಯಾದ ತಿರುಳು. ಫ್ಲಾರಿಡದಲ್ಲಿ ನೆಲಸಿರುವ ಕ್ಯೂಬ ಮೂಲದ ಜನರಿಗೆ ಇದರ ಪಾನೀಯ ಅಚ್ಚುಮೆಚ್ಚು. ತಿರುಳಿನ ಜಾಡನ್ನು ಹಿಡಿದು ಹೋದಾಗ, ರೋಗಿಗಳಲ್ಲಿ ಹಲವರು ಬಳಸಿದ್ದ ಸರಕು ಗ್ವಾಟೆಮಾಲ ದೇಶದ ಒಂದು ಕಾರ್ಖಾನೆಯಲ್ಲಿ ತಯಾರಾದುದೆಂದು ತಿಳಿಯಿತು. 2010ರಲ್ಲಿ ಇದೇ ಕಥೆ ಪಶ್ಚಿಮದ ಕ್ಯಾಲಿಫೋರ್ನಿಯ ಮತ್ತು ನೆವಾಡ ಸಂಸ್ಥಾನಗಳಲ್ಲಿ ಮರುಕಳಿಸಿತು: ಅದೇ ಹಣ್ಣು, ಅದೇ ದೇಶ, ಅದೇ ಜ್ವರ. ಮಾರಾಟಗಾರರು ಸರಕನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಿಕೊಂಡರು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಟೈಫಾಯಿಡ್ ರೋಗಾಣುವಾದ ಸಾಲ್ಮೊನೆಲ್ಲ ಟೈಫಿ ಮನುಷ್ಯನನ್ನು ಬಿಟ್ಟರೆ ಬೇರೆ ಯಾವ ಪ್ರಾಣಿಯಲ್ಲಿಯೂ ನೆಲಸುವುದಿಲ್ಲ. ಹಣ್ಣಿನ ಮರಕ್ಕೆ, ಮಣ್ಣಿಗೆ, ಹಕ್ಕಿಗೆ ಅದರೊಡನೆ ಯಾವ ಸಂಬಂಧವೂ ಇಲ್ಲ. ಆದುದರಿಂದ ಹಣ್ಣಿನ ತಿರುಳಿನಲ್ಲಿ ಅದು ಕಾಣಿಸಿಕೊಂಡಿತೆಂದರೆ, ಯಾವನೋ ಒಬ್ಬ ಮನುಷ್ಯನ ಮಲದ ಅಂಶ, ಎಷ್ಟೇ ಸೂಕ್ಷ್ಮವಾಗಿರಲಿ, ಆ ತಿರುಳನ್ನು ಮುಟ್ಟಿದೆ ಎಂದೇ ಅರ್ಥ. ದಾರಿಗಳು ಎರಡು: ಒಂದು, ಹಣ್ಣನ್ನು ಅಥವಾ ಪಾತ್ರೆಗಳನ್ನು ತೊಳೆದ ನೀರು, ಮತ್ತೊಂದು, ಸುಲಿದವನ ಕೈ. ಒರಟು ಸಿಪ್ಪೆಯ ಮೇಲಿನ ಕೊಳೆಯನ್ನು ಚಾಕುವಿನ ಅಲಗು ತಿರುಳಿನೊಳಕ್ಕೆ ಒಯ್ಯುವುದೂ ಉಂಟು.

ತಪಾಸಣೆಯಲ್ಲಿ ರೋಗಾಣುವೇ ಸಿಕ್ಕಿಬೀಳುವುದು ಅಪರೂಪ. ಸಾವಿರಾರು ಪೊಟ್ಟಣಗಳಲ್ಲಿ ಕೆಲವನ್ನು ಮಾತ್ರ ಕೊಳೆ ಮುಟ್ಟಿರಬಹುದು. ಜ್ವರ ಕಾಣಿಸಿಕೊಳ್ಳುವುದು ತಿಂದ ಒಂದೆರಡು ವಾರಗಳ ಮೇಲೆ. ಅಷ್ಟರಲ್ಲಿ ಆ ಪೊಟ್ಟಣ ಕಸದ ತೊಟ್ಟಿಯನ್ನು ಸೇರಿರುತ್ತದೆ. ಆದುದರಿಂದ ವಿಜ್ಞಾನಿಗಳು ಸೂಚಕ ಬ್ಯಾಕ್ಟೀರಿಯಗಳನ್ನು ಹುಡುಕುತ್ತಾರೆ. ಮನುಷ್ಯರ ಮತ್ತು ಬಿಸಿ ರಕ್ತದ ಪ್ರಾಣಿಗಳ ಕರುಳಿನಲ್ಲಿ ಹೇರಳವಾಗಿ ವಾಸಿಸುವ ಕೋಲಿಫಾರ್ಮ್ ಗುಂಪಿನ ಬ್ಯಾಕ್ಟೀರಿಯಗಳು ಆಹಾರದಲ್ಲಿ ದೊರೆತರೆ ಮಲದ ಸಂಪರ್ಕಕ್ಕೆ ಅದು ಸಾಕ್ಷಿ. ಕಳ್ಳ ಸಿಕ್ಕದಿದ್ದರೂ ಅವನು ಬಂದ ದಾರಿಯಲ್ಲಿ ಹೆಜ್ಜೆಯ ಗುರುತು ಸಿಕ್ಕಿದಂತೆ. ಫ್ಲಾರಿಡದಲ್ಲಿ ಪರೀಕ್ಷಿಸಿದ ಹೆಪ್ಪುಗಟ್ಟಿದ ಮಾಮೆಯಲ್ಲಿ ದೊರೆತುದು ಇಂತಹ ಗುರುತುಗಳೇ.

ಹಣ್ಣು, ಹಿಮ, ಟೈಫಾಯಿಡ್ ಈ ಮೂರರ ನಂಟು ಹೊಸದೇನಲ್ಲ. 1906ರ ಬೇಸಗೆಯಲ್ಲಿ ನ್ಯೂಯಾರ್ಕಿನ ಬಳಿಯ ಆಯ್ಸ್ಟರ್ ಬೇ ಎಂಬಲ್ಲಿ ಬಾಡಿಗೆಗೆ ಇಳಿದಿದ್ದ ಒಂದು ಶ್ರೀಮಂತ ಕುಟುಂಬದ 11 ಜನರಲ್ಲಿ 6 ಜನರಿಗೆ ಟೈಫಾಯಿಡ್ ತಗುಲಿತು. ಕಾರಣವನ್ನು ಹುಡುಕಲು ಬಂದ ಜಾರ್ಜ್ ಸೋಪರ್ ಎಂಬ ನೈರ್ಮಲ್ಯ ಎಂಜಿನಿಯರನು ಜಾಡು ಹಿಡಿದು ಹೋಗಿ, ಮನೆಯ ಅಡುಗೆಯವಳಾಗಿದ್ದ ಮೇರಿ ಮ್ಯಾಲನ್ ಎಂಬಾಕೆಯೇ ಮೂಲವೆಂದು ನಿರ್ಧರಿಸಿದನು. ಆಕೆ ನೋಡಲು ಪೂರ್ಣ ಆರೋಗ್ಯವತಿ. ಆದರೆ ಆಕೆಯ ದೇಹದಲ್ಲಿ ರೋಗಾಣುಗಳು ಸದ್ದಿಲ್ಲದೆ ನೆಲಸಿದ್ದವು. ಇಂಥವರನ್ನು ರೋಗವಾಹಕರೆಂದು ಕರೆಯುತ್ತಾರೆ. ಸೋಪರನನ್ನು ಒಂದು ಸಂದೇಹ ಕಾಡಿತು: ಅಡುಗೆಯವಳು ಮಾಡಿದ ಪದಾರ್ಥಗಳಲ್ಲಿ ಹೆಚ್ಚಿನವು ಬೆಂಕಿಯ ಮೇಲೆ ಬೆಂದವು, ಬೆಂದುದರಲ್ಲಿ ರೋಗಾಣು ಉಳಿಯದು, ಹಾಗಾದರೆ ಜ್ವರ ಹರಡಿದುದು ಹೇಗೆ? ಉತ್ತರವಾಗಿ ಅವನಿಗೆ ದೊರೆತುದು ಆ ಮನೆಯವರು ಇಷ್ಟಪಡುತ್ತಿದ್ದ ಒಂದು ಸಿಹಿ: ಹಸಿ ಪೀಚ್ ಹಣ್ಣನ್ನು ಹೆಚ್ಚಿ ಸೇರಿಸಿ ಹೆಪ್ಪುಗಟ್ಟಿಸಿದ ಐಸ್‌ಕ್ರೀಮ್. ಆಕೆಯನ್ನು 1907ರಲ್ಲಿ ಹಿಡಿದು ದ್ವೀಪವೊಂದರಲ್ಲಿ ಪ್ರತ್ಯೇಕವಾಗಿರಿಸಿದರು. ಮೂರು ವರ್ಷಗಳ ತರುವಾಯ ಬಿಡುಗಡೆಯಾದವಳು ಮತ್ತೆ ಅಡುಗೆಯ ಕೆಲಸಕ್ಕೆ ಸೇರಿ, 1915ರಲ್ಲಿ ಮತ್ತೆ ಸಿಕ್ಕಿ, 1938ರಲ್ಲಿ ಸಾಯುವವರೆಗೂ ಬಂಧನದಲ್ಲಿಯೇ ಉಳಿದಳು. ಬೇರೆ ಕಸುಬನ್ನು ತಿಳಿಯದ ಆ ಬಡ ಹೆಂಗಸಿನ ಬಗೆಗೆ ಮರುಕವೂ ಹುಟ್ಟದಿರದು.

ಹಾಗಾದರೆ ಶೀತವು ರೋಗಾಣುವಿಗೆ ಏನು ಮಾಡುತ್ತದೆ? ತಿರುಳಿನ ಉಷ್ಣತೆ ಸೊನ್ನೆಗಿಂತ ಕೆಳಗಿಳಿದಂತೆ ಅದರಲ್ಲಿರುವ ನೀರು ಹರಳುಗಟ್ಟತೊಡಗುತ್ತದೆ. ನೀರು ಹೀಗೆ ಬೇರ್ಪಟ್ಟಂತೆ ಉಳಿದ ದ್ರವದಲ್ಲಿ ಸಕ್ಕರೆ ಮತ್ತು ಲವಣಗಳು ಸಾಂದ್ರವಾಗುತ್ತವೆ. ಬ್ಯಾಕ್ಟೀರಿಯದ ಕೋಶದಿಂದ ನೀರು ಹೊರಕ್ಕೆ ಸೆಳೆಯಲ್ಪಡುತ್ತದೆ. ಹಿಮದ ಹರಳುಗಳಿಂದ ಕೆಲವು ಕೋಶಗಳ ಪೊರೆ ಹರಿಯುತ್ತದೆ. ಹೀಗೆ ಒಂದು ಪಾಲು ಸಾಯುವುದು ನಿಜ. ಆದರೆ ಉಳಿದವು ಸಾಯುವುದಿಲ್ಲ. ಬೆಳೆಯುವುದನ್ನು ನಿಲ್ಲಿಸಿ ಕಾದಿರುತ್ತವೆ. ಪ್ರಯೋಗಶಾಲೆಗಳಲ್ಲಿ ಬ್ಯಾಕ್ಟೀರಿಯಗಳ ತಳಿಗಳನ್ನು ವರ್ಷಗಟ್ಟಲೆ ಜೀವಂತವಾಗಿ ಕಾಪಾಡಬೇಕಾದಾಗ ವಿಜ್ಞಾನಿಗಳು ಅವನ್ನು ಗ್ಲಿಸರಿನ್ ಬೆರೆಸಿದ ದ್ರವದಲ್ಲಿ ಸೊನ್ನೆಗಿಂತ 70 ಅಥವಾ 80 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೀತದಲ್ಲಿ ಇಡುತ್ತಾರೆ. ಗ್ಲಿಸರಿನ್ ಅಲ್ಲಿ ಕೋಶಗಳನ್ನು ರಕ್ಷಿಸುವಂತೆ ಹಣ್ಣಿನ ಸಕ್ಕರೆಯೂ ಸ್ವಲ್ಪಮಟ್ಟಿಗೆ ರಕ್ಷಿಸುತ್ತದೆ. ನಾವು ಹಣ್ಣನ್ನು ಕಾಪಾಡಲೆಂದು ಹೂಡಿದ ಉಪಾಯವೇ ಅದರಲ್ಲಿರುವ ರೋಗಾಣುವನ್ನೂ ಕಾಪಾಡಿತೆನ್ನಬೇಕು.

ಪೊಟ್ಟಣವನ್ನು ಹೊರಗೆ ತೆಗೆದಿಟ್ಟಾಗ ತಿರುಳು ಕರಗುತ್ತದೆ, ಕಾದಿದ್ದ ಬ್ಯಾಕ್ಟೀರಿಯಗಳು ಎಚ್ಚರಗೊಳ್ಳುತ್ತವೆ. ಅನುಕೂಲವಾದ ಪರಿಸ್ಥಿತಿಯಲ್ಲಿ ಬ್ಯಾಕ್ಟೀರಿಯವೊಂದು 20 ನಿಮಿಷಗಳಿಗೊಮ್ಮೆ ಎರಡಾಗಬಲ್ಲುದು. ಆ ಲೆಕ್ಕದಲ್ಲಿ 7 ಗಂಟೆಗಳಲ್ಲಿ 21 ಸಾರಿ ಇಮ್ಮಡಿಯಾಗಿ, ಒಂದು ಹೋಗಿ 20,97,152 ಆಗುತ್ತದೆ. ಅಡುಗೆಮನೆಯ ಕಟ್ಟೆಯ ಮೇಲೆ ರಾತ್ರಿಯೆಲ್ಲ ಬಿಟ್ಟ ತಿರುಳಿನಲ್ಲಿ ಬೆಳವಣಿಗೆ ಇಷ್ಟು ವೇಗವಾಗಿ ನಡೆಯದಿದ್ದರೂ, ಅದರ ಅರ್ಧದ ವೇಗವೂ ಅಪಾಯಕ್ಕೆ ಸಾಕು. ಹಾಲಿನೊಡನೆ ಕಡೆಯುವುದರಲ್ಲಿ ಇನ್ನೊಂದು ತೊಡಕುಂಟು. ನಮ್ಮ ಜಠರದ ಆಮ್ಲವು ನುಂಗಿದ ರೋಗಾಣುಗಳಲ್ಲಿ ಬಹುಪಾಲನ್ನು ಕೊಲ್ಲುವ ಕಾವಲುಗಾರ. ಹಾಲು ಆ ಆಮ್ಲದ ತೀಕ್ಷ್ಣತೆಯನ್ನು ತಗ್ಗಿಸಿ, ರೋಗಾಣುಗಳು ಕರುಳಿಗೆ ದಾಟಲು ನೆರವಾಗುತ್ತದೆ.

ಹಣ್ಣಿನ ತಿರುಳೆಲ್ಲವೂ ಅಪಾಯಕಾರಿ ಎಂದು ಇಷ್ಟರಿಂದ ತಿಳಿಯಬಾರದು. ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತಮುತ್ತ ಬೆಳೆಯುವ ತೋತಾಪುರಿ ಮಾವು ತಿರುಳಿನ ಕಾರ್ಖಾನೆಗಳಿಗೆ ಪ್ರಿಯವಾದುದು. ಮಾವಿಗೆ ಎರಡು ರಕ್ಷಣೆಗಳುಂಟು. ಮೊದಲನೆಯದು ಅದರ ಹುಳಿ. ಆಮ್ಲತೆಯನ್ನು ಪಿಎಚ್ ಎಂಬ ಮಾನದಿಂದ ಅಳೆಯುತ್ತಾರೆ. ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಪಿಎಚ್ 4.6ಕ್ಕಿಂತ ಕೆಳಗಿದ್ದರೆ, ಡಬ್ಬಿಯಲ್ಲಿ ಘೋರ ವಿಷವನ್ನುಂಟುಮಾಡುವ ಬಾಟ್ಯುಲಿಸಮ್ ಬ್ಯಾಕ್ಟೀರಿಯವು ತಲೆಯೆತ್ತಲಾರದು. ಮಾವಿನ ತಿರುಳು ಸಾಮಾನ್ಯವಾಗಿ ಈ ಗೆರೆಯ ಕೆಳಗಿರುತ್ತದೆ. ಇಲ್ಲದಿದ್ದಲ್ಲಿ ತಯಾರಕರು ಸಿಟ್ರಿಕ್ ಆಮ್ಲವನ್ನು ಸೇರಿಸುತ್ತಾರೆ. ಎರಡನೆಯದು ಶಾಖ. ಡಬ್ಬಿಗೆ ತುಂಬುವ ತಿರುಳನ್ನು ಕುದಿಯುವ ಮಟ್ಟಕ್ಕೆ ಸಮೀಪವಾಗಿ ಕಾಯಿಸಿ, ಬಿಸಿಯಿರುವಾಗಲೇ ತುಂಬಿ ಮುಚ್ಚಿ, ಡಬ್ಬಿಗಳನ್ನು ಮತ್ತೆ ಕುದಿನೀರಿನಲ್ಲಿ ಅದ್ದುತ್ತಾರೆ. ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿದರೇ ಸಾಲ್ಮೊನೆಲ್ಲ ನಾಶವಾಗುವಾಗ, ಈ ಶಾಖದ ಮುಂದೆ ಅದು ಉಳಿಯುವ ಮಾತೇ ಇಲ್ಲ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರ ಆಹಾರ ಸಂಶೋಧನಾಲಯವು ಹಣ್ಣುಗಳ ಸಂರಕ್ಷಣೆಯನ್ನು ತನ್ನ ಮುಖ್ಯ ವಿಷಯಗಳಲ್ಲಿ ಒಂದಾಗಿ ಇರಿಸಿಕೊಂಡಿದೆ.

ಹಾಗೆಂದು ಡಬ್ಬಿ ಎಂದೊಡನೆ ನಿಶ್ಚಿಂತರಾಗುವಂತೆಯೂ ಇಲ್ಲ. 1964ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ 400ಕ್ಕೂ ಹೆಚ್ಚು ಜನರಿಗೆ ಟೈಫಾಯಿಡ್ ಬಂದಾಗ, ಅದರ ಮೂಲ ಅರ್ಜೆಂಟೀನದಿಂದ ಬಂದ ಮಾಂಸದ ಡಬ್ಬಿಯೆಂದು ತಿಳಿಯಿತು. ಮಾಂಸ ಚೆನ್ನಾಗಿಯೇ ಬೆಂದಿತ್ತು. ಬಿಸಿ ಡಬ್ಬಿಗಳನ್ನು ಆರಿಸಲು ಶುದ್ಧೀಕರಿಸದ ಹೊಳೆಯ ನೀರನ್ನು ಬಳಸಿದ್ದರು. ಡಬ್ಬಿ ತಣ್ಣಗಾಗುವಾಗ ಒಳಗೆ ಒತ್ತಡ ಕಡಮೆಯಾಗಿ, ಬೆಸುಗೆಯ ಸಣ್ಣ ಬಿರುಕಿನಿಂದ ಆ ನೀರು ಒಳಕ್ಕೆ ಸೆಳೆಯಲ್ಪಟ್ಟಿತ್ತು.

ಮಾಮೆಗೆ ಮಾವಿನ ಎರಡು ರಕ್ಷಣೆಗಳೂ ಇಲ್ಲ. ಅದರ ಹುಳಿ ಅತ್ಯಲ್ಪ. ತಿರುಳನ್ನು ಕಾಯಿಸದೆಯೇ ಹೆಪ್ಪುಗಟ್ಟಿಸುತ್ತಾರೆ. ನಮ್ಮಲ್ಲಿ ಇದಕ್ಕೆ ಹೋಲಿಕೆ ಸೀತಾಫಲ. ಅದರಲ್ಲಿಯೂ ಹುಳಿ ಕಡಮೆ, ಜೊತೆಗೆ ಕಾಯಿಸಿದರೆ ತಿರುಳು ಕಹಿಯಾಗುತ್ತದೆ. ಆದುದರಿಂದ ಹಣ್ಣಿನ ಕಾಲದಲ್ಲಿ ಬೀಜ ಬಿಡಿಸಿ, ತಿರುಳನ್ನು ಹಸಿಯಾಗಿಯೇ ಹೆಪ್ಪುಗಟ್ಟಿಸಿ ಐಸ್‌ಕ್ರೀಮ್ ತಯಾರಕರಿಗೂ ಅಂಗಡಿಗಳಿಗೂ ಕಳುಹಿಸುತ್ತಾರೆ. ಸೀತಾಫಲದಿಂದ ಜ್ವರ ಹರಡಿತೆಂದು ಇಲ್ಲಿ ಆರೋಪಿಸುತ್ತಿಲ್ಲ. ಕಾಯಿಸಲಾಗದ ತಿರುಳಿನ ಸುರಕ್ಷತೆಯೆಲ್ಲ ಬಿಡಿಸುವ ಕೈಗಳ ಮೇಲೆ, ತೊಳೆಯುವ ನೀರಿನ ಮೇಲೆ ನಿಂತಿದೆ ಎಂಬುದಷ್ಟೇ ಮಾತು. ನಮ್ಮ ದೇಶದಲ್ಲಿ 2006ರ ಆಹಾರ ಸುರಕ್ಷತಾ ಕಾಯಿದೆಯ ಮೇರೆಗೆ ಪೊಟ್ಟಣದ ಮೇಲೆ ಅಚ್ಚಾಗುವ 14 ಅಂಕಿಗಳ ಪರವಾನಗಿ ಸಂಖ್ಯೆ ತಯಾರಕನು ಯಾರೆಂಬುದನ್ನು ತಿಳಿಸೀತೇ ಹೊರತು ಅಂದು ಬೆಳಗ್ಗೆ ಅವನ ಕೆಲಸಗಾರರು ಕೈ ತೊಳೆದಿದ್ದರೇ ಎಂಬುದನ್ನು ತಿಳಿಸದು.

ಕೊಳ್ಳುವವನು ತನ್ನ ನಾಲಗೆಯನ್ನು ನಂಬುವಂತಿಲ್ಲ. ತಿರುಳನ್ನು ಹುಳಿಸುವ, ಪೊಟ್ಟಣವನ್ನು ಉಬ್ಬಿಸುವ ಯೀಸ್ಟ್ ಮೊದಲಾದವು ವಾಸನೆಯಿಂದ ತಮ್ಮ ಇರವನ್ನು ಸಾರುತ್ತವೆ. ಅಂತಹ ಪೊಟ್ಟಣವನ್ನು ಎಸೆದುಬಿಡಬಹುದು. ಟೈಫಾಯಿಡ್ ರೋಗಾಣು ರುಚಿಯನ್ನೂ ಕೆಡಿಸದು, ಬಣ್ಣವನ್ನೂ ಕೆಡಿಸದು. ಪೊಟ್ಟಣದ ಮೇಲೆ ಪಾಶ್ಚರೀಕರಿಸಿದುದೆಂಬ ಬರಹವಿದೆಯೇ ಎಂದು ನೋಡುವುದು, ಹೆಪ್ಪುಗಟ್ಟಿದ ತಿರುಳನ್ನು ರೆಫ್ರಿಜರೇಟರಿನ ಒಳಗೇ ಕರಗಿಸುವುದು, ಕರಗಿದುದನ್ನು ಮತ್ತೆ ಹೆಪ್ಪುಗಟ್ಟಿಸದಿರುವುದು, ತೆರೆದ ಡಬ್ಬಿಯ ತಿರುಳನ್ನು ಶುದ್ಧವಾದ ಬೇರೆ ಪಾತ್ರೆಗೆ ಬಗ್ಗಿಸಿ ತಂಪಿನಲ್ಲಿಟ್ಟು ಬೇಗ ಮುಗಿಸುವುದು, ಇವು ಮನೆಯಲ್ಲಿ ಸಾಧ್ಯವಾದವು. ಕಾಯಿಸಿದರೆ ಕೆಡದ ತಿರುಳಾದರೆ ಒಮ್ಮೆ ಕುದಿಸಿ ಆರಿಸುವುದೇ ಲೇಸು.

ಕಾಯಿಸಲಾಗದ ತಿರುಳಿಗೆ ವಿಜ್ಞಾನಿಗಳು ಬೇರೊಂದು ಉಪಾಯವನ್ನು ಕಂಡುಹಿಡಿದಿದ್ದಾರೆ. ಅದು ಶಾಖದ ಬದಲು ಒತ್ತಡ. ಪೊಟ್ಟಣಗಳನ್ನು ನೀರು ತುಂಬಿದ ಉಕ್ಕಿನ ಕೊಳವೆಯಲ್ಲಿಟ್ಟು, ವಾಯುಮಂಡಲದ ಒತ್ತಡದ ಸುಮಾರು 6,000 ಪಟ್ಟಿನಷ್ಟು ಒತ್ತಡವನ್ನು ಕೆಲವು ನಿಮಿಷಗಳ ಕಾಲ ಹೇರುತ್ತಾರೆ. ಸಮುದ್ರದ ಅತ್ಯಂತ ಆಳದ ಕಂದಕದಲ್ಲಿರುವ ಒತ್ತಡ ಇದರ ಐದನೆಯ ಒಂದು ಭಾಗಕ್ಕಿಂತಲೂ ಕಡಮೆ. ಒತ್ತಡವು ಎಲ್ಲ ಕಡೆಗಳಿಂದಲೂ ಸಮವಾಗಿ ಬೀಳುವುದರಿಂದ ಪೊಟ್ಟಣ ಜಜ್ಜಿಹೋಗುವುದಿಲ್ಲ. ಬಣ್ಣ, ಪರಿಮಳಗಳ ಅಣುಗಳು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ. ಬ್ಯಾಕ್ಟೀರಿಯದ ಪೊರೆ ಮತ್ತು ಪ್ರೋಟೀನುಗಳು ಮಾತ್ರ ಹಾಳಾಗಿ ಅದು ಸಾಯುತ್ತದೆ. ಕಾಯಿಸಿದರೆ ಕೆಡುವ ಬೆಣ್ಣೆಹಣ್ಣಿನ ತಿರುಳನ್ನು ಅಮೆರಿಕದಲ್ಲಿ 1990ರ ದಶಕದಿಂದ ಹೀಗೆ ಸಂಸ್ಕರಿಸಿ ಮಾರುತ್ತಿದ್ದಾರೆ. ಕೆಲವು ಬ್ಯಾಕ್ಟೀರಿಯಗಳ ಗಟ್ಟಿ ಕವಚದ ಬೀಜಾಣುಗಳು ಈ ಒತ್ತಡಕ್ಕೂ ಜಗ್ಗುವುದಿಲ್ಲವಾದುದರಿಂದ, ಹೀಗೆ ಸಂಸ್ಕರಿಸಿದ ತಿರುಳನ್ನು ಸಹ ಅಂಗಡಿಯಿಂದ ಮನೆಯವರೆಗೂ ತಂಪಿನಲ್ಲಿಯೇ ಇಡಬೇಕಾಗುತ್ತದೆ. ಯಂತ್ರದ ಬೆಲೆಯೂ ಹೆಚ್ಚು. ಸಣ್ಣ ಕಾರ್ಖಾನೆಗಳ ಕೈಗೆ ಅದು ಸುಲಭವಾಗಿ ಎಟುಕುವಂತಹುದಲ್ಲ.