ಅಳಗುಳಿಮಣೆ ನಸೀಬಿನ ಆಟವೇ? ಹುಣಸೆ ಬೀಜದಿಂದ ಮಕ್ಕಳ ಕಾರ್ಡಿನ 'ಟ್ರಿಗರ್'ವರೆಗೆ

ಕಳೆದ ಬೇಸಿಗೆ ರಜೆಯಲ್ಲಿ ಹೊಸಪೇಟೆಯ ನೆಂಟರ ಮನೆಗೆ ಹೋಗಿದ್ದೆ. ಮಧ್ಯಾಹ್ನದ ಬಿಸಿಲಿಗೆ ಹೊರಗೆ ಕಾಲಿಡುವ ಹಾಗಿರಲಿಲ್ಲ. ಪಡಸಾಲೆಯಲ್ಲಿ ಅಣ್ಣ ತಮ್ಮ ಇಬ್ಬರು ಮ್ಯಾಜಿಕ್ ಕಾರ್ಡುಗಳನ್ನು ಹರಡಿಕೊಂಡು ಕೂತಿದ್ದರು. ಕಾರ್ಡು ಹಾರುತ್ತವೆಂದು ಫ್ಯಾನು ಆರಿಸಿದ್ದರಿಂದ ಉಳಿದವರೆಲ್ಲ ಬೆವರುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಜಗಳ ಶುರುವಾಯಿತು. ಅಣ್ಣನ ಒಂದು ಕಾರ್ಡಿನ ಮೇಲೆ, 'ಈ ಪ್ರಾಣಿ ಸತ್ತಾಗ ಒಂದು ಕಾರ್ಡು ಎಳೆದುಕೊಳ್ಳಿ' ಎಂಬ ಅರ್ಥದ ಸಾಲಿತ್ತು. ತಮ್ಮ ಆ ಪ್ರಾಣಿಯನ್ನು ಕೊಂದ. ಅಣ್ಣ ಕಾರ್ಡು ಎಳೆಯಲು ಕೈ ಹಾಕಿದ.

"ಸತ್ತ ಮ್ಯಾಲೆ ಅದಕ್ಕೆಲ್ಲಿಂದ ಬರ್ತೈತಿ ಪವರ್ರು?" ಅಂದ ತಮ್ಮ.

ಮೂಲೆಯಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿ ನಕ್ಕರು. "ನಮ್ಮ ಕಾಲದಾಗ ಅಳಗುಳಿಮಣಿ ಆಡ್ವಾಗೂ ಹಿಂಗ ಜಗಳ ಇರ್ತಿದ್ವು. ಆದ್ರ ಅದೆಲ್ಲ ನಸೀಬಿನ ಆಟ ಬಿಡ್ರಪ್ಪ. ಬೀಜ ಎಲ್ಲಿ ಹೋಗಿ ನಿಲ್ತೈತಿ ಅಂತ ಯಾರಿಗೆ ಗೊತ್ತು?"

ಅಜ್ಜಿಯ ಮೊದಲ ಮಾತು ನಿಜ. ಎರಡನೆಯದು ನಮ್ಮಲ್ಲಿ ಬಹಳ ಜನ ನಂಬಿರುವ ತಪ್ಪು. ಅದು ಯಾಕೆ ತಪ್ಪು ಎಂದು ತಿಳಿಯಲು ಮೊದಲು ಹುಡುಗರ ಜಗಳ ಬಗೆಹರಿಸೋಣ.

ಕಾಯುತ್ತ ಕೂತಿರುವ ನಿಯಮ

ಮ್ಯಾಜಿಕ್ ಆಟವನ್ನು ಹೊರತಂದದ್ದು 1993ರಲ್ಲಿ, ರೂಪಿಸಿದ್ದು ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್. ಪೋಕೆಮಾನ್, ಯು-ಗಿ-ಓಹ್ ಕಾರ್ಡುಗಳೂ ಇದೇ ಜಾತಿಯವು. ಇವುಗಳಲ್ಲಿ ಪ್ರತಿ ಕಾರ್ಡೂ ತನ್ನದೇ ಒಂದು ಪುಟ್ಟ ನಿಯಮವನ್ನು ಹೊತ್ತು ಬರುತ್ತದೆ. ಕೆಲವು ನಿಯಮ ಸದಾ ಜಾರಿಯಲ್ಲಿರುತ್ತವೆ. ಕೆಲವನ್ನು ನೀವು ಬೆಲೆ ತೆತ್ತು, ಬೇಕೆಂದಾಗ ಬಳಸಬೇಕು. ಮೂರನೆಯ ಬಗೆಯದೇ ಟ್ರಿಗರ್. ಅದು ಸುಮ್ಮನೆ ಕಾಯುತ್ತಿರುತ್ತದೆ. ಹೇಳಿದ ಘಟನೆ ನಡೆದೊಡನೆ ಯಾರೂ ಕರೆಯದೆಯೇ ಎದ್ದು ಕೆಲಸ ಮಾಡುತ್ತದೆ. ಒಲೆ ಹಚ್ಚುವುದು ನಿಮ್ಮ ಕೆಲಸ, ಸೀಟಿ ಹೊಡೆಯುವುದು ಕುಕ್ಕರಿನ ಕೆಲಸ. ಮ್ಯಾಜಿಕ್ ಕಾರ್ಡಿನಲ್ಲಿ ಇದನ್ನು ಗುರುತಿಸುವುದು ಸುಲಭ: 'ವೆನ್', 'ವೆನೆವರ್', 'ಆ್ಯಟ್' ಎಂಬ ಮೂರು ಪದಗಳಲ್ಲಿ ಒಂದು ಇರುತ್ತದೆ. ಅಂದರೆ ಹೀಗಾದಾಗ, ಹೀಗಾದಾಗಲೆಲ್ಲ, ಇಂಥ ಹೊತ್ತಿಗೆ.

ಕಂಪ್ಲಿ ಕಡೆಯವರಿಗೆ ಇದನ್ನು ಬೇರೆ ರೀತಿ ಹೇಳಬಹುದು. ಕುಮಾರರಾಮನ ಕತೆಯಲ್ಲಿ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಹೋಗಿ ಬೀಳುತ್ತದೆಯಲ್ಲ, ಅದು ಟ್ರಿಗರ್. ಚೆಂಡು ಹೊಡೆದದ್ದು ಆಟ, ಆಮೇಲೆ ನಡೆದದ್ದು ಯಾವುದೂ ಆಡಿದವರ ಕೈಯಲ್ಲಿರಲಿಲ್ಲ.

ಒಮ್ಮೆ ಎದ್ದ ಟ್ರಿಗರ್ ತನ್ನ ಕಾರ್ಡಿನ ಹಂಗಿನಲ್ಲಿ ಇರುವುದಿಲ್ಲ. ಬಾಣ ಬಿಟ್ಟ ಮೇಲೆ ಬಿಲ್ಲು ಮುರಿದರೆ ಬಾಣ ನಿಲ್ಲುತ್ತದೆಯೇ? 'ಸತ್ತಾಗ' ಎಂಬ ನಿಯಮವಂತೂ ಸಾಯುವ ಮುಂಚಿನ ಸ್ಥಿತಿಯನ್ನು ತಿರುಗಿ ನೋಡಿ ಲೆಕ್ಕ ಹಾಕುತ್ತದೆ. ಹಾಗಾಗಿ ಅಣ್ಣನೇ ಸರಿ. ತಮ್ಮ ಒಪ್ಪಲಿಲ್ಲ, ಅದು ಬೇರೆ ಮಾತು.

ಒಂದೇ ಕ್ಷಣಕ್ಕೆ ಎರಡು ಮೂರು ಟ್ರಿಗರ್ ಎದ್ದರೆ? ಅವನ್ನು ಊಟದ ತಟ್ಟೆಗಳ ಹಾಗೆ ಒಂದರ ಮೇಲೊಂದು ಪೇರಿಸಬೇಕು. ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯಬೇಕು. ಮ್ಯಾಜಿಕ್‌ನಲ್ಲಿ ಸರದಿ ಯಾರದೋ ಅವರ ಟ್ರಿಗರ್‌ಗಳು ಮೊದಲು ಅಟ್ಟಿಗೆ ಹೋಗುತ್ತವೆ, ಎದುರಾಳಿಯವು ಅವುಗಳ ಮೇಲೆ ಕೂರುತ್ತವೆ. ಆದ್ದರಿಂದ ಎದುರಾಳಿಯದೇ ಮೊದಲು ಜಾರಿಯಾಗುತ್ತದೆ. ಮಕ್ಕಳ ಅರ್ಧ ಜಗಳ ಇಲ್ಲೇ ಹುಟ್ಟುವುದು.

ಬೀಜ ತಂದು ನೀವೇ ನೋಡಿ

ಈಗ ಅಜ್ಜಿಯ ಮಾತು. ಅವರ ಅಳಗುಳಿಮಣೆ ಸಂಡೂರಿನ ತವರಿನಿಂದ ಬಂದದ್ದು. ಅಟ್ಟದಿಂದ ಇಳಿಸಿ ಧೂಳು ಒರೆಸಿದೆವು. ಎರಡು ಸಾಲು, ಸಾಲಿಗೆ 7 ಗುಳಿ. ಗುಳಿಗೆ 5 ಹುಣಸೆ ಬೀಜ, ಒಟ್ಟು 70.

ಆಡುವ ಕ್ರಮ ಊರಿಂದ ಊರಿಗೆ, ಮನೆಯಿಂದ ಮನೆಗೆ ಬೇರೆ. ಬಹಳ ಕಡೆ ಕಾಣುವುದು ಹೀಗೆ: ನಿಮ್ಮ ಸಾಲಿನ ಯಾವುದಾದರೂ ಗುಳಿಯ ಬೀಜಗಳನ್ನೆಲ್ಲ ಎತ್ತಿ, ಬಲಕ್ಕೆ ಸಾಗುತ್ತ ಗುಳಿಗೊಂದರಂತೆ ಬಿತ್ತಬೇಕು. ತುದಿಗೆ ಬಂದರೆ ಎದುರು ಸಾಲಿಗೆ ಹತ್ತಿ ಎಡಕ್ಕೆ ತಿರುಗಬೇಕು. ಕೈ ಖಾಲಿಯಾದಾಗ ಮುಂದಿನ ಗುಳಿಯಲ್ಲಿ ಬೀಜವಿದ್ದರೆ ಅದನ್ನು ಎತ್ತಿ ಬಿತ್ತನೆ ಮುಂದುವರಿಸಬೇಕು. ಮುಂದಿನ ಗುಳಿ ಖಾಲಿಯಿದ್ದರೆ ಅದರ ಆಚೆಯ ಗುಳಿಯ ಬೀಜವೆಲ್ಲ ನಿಮ್ಮದು, ಸರದಿ ಮುಗಿಯಿತು. ಎರಡೂ ಖಾಲಿಯಿದ್ದರೆ ಬರಿಗೈ.

ಗಮನಿಸಿದಿರಾ? 'ಕೈ ಖಾಲಿಯಾದಾಗ' ಎನ್ನುವುದೇ ಕಾರ್ಡಿನ 'ವೆನ್'. ನೀವು ಆರಿಸುವುದು ಮೊದಲ ಗುಳಿಯನ್ನು ಮಾತ್ರ. ಮಿಕ್ಕದ್ದೆಲ್ಲ ಒಂದು ಟ್ರಿಗರ್ ಇನ್ನೊಂದನ್ನು ಎಬ್ಬಿಸುತ್ತ ಹೋಗುವ ಸರಪಳಿ.

ನಿಮ್ಮ ಎಡತುದಿಯ ಗುಳಿಯನ್ನು 1 ಎಂದು ಎಣಿಸಿ, ಬಲತುದಿಯದು 7. ಅದರ ಎದುರಿನದು 8, ಅಲ್ಲಿಂದ ಎಡಕ್ಕೆ 14ರವರೆಗೆ. ನಾನು 1ರಿಂದ ಆಡಿದೆ. 2ರಿಂದ 6ರವರೆಗೆ ಬಿತ್ತಿ ಕೈ ಖಾಲಿಯಾಯಿತು. 7ನ್ನು ಎತ್ತಿದೆ, ಆಮೇಲೆ 13, ಆಮೇಲೆ 5, ಆಮೇಲೆ 12. ಅದರ ಕೊನೆಯ ಬೀಜ 4ರಲ್ಲಿ ಬಿತ್ತು. ಮುಂದಿನ 5 ಖಾಲಿ, ಅದರ ಆಚೆಯ 6ರಲ್ಲಿ 7 ಬೀಜ. ಎತ್ತಿಕೊಂಡೆ. ಜಾಣ ಅನ್ನಿಸಿತು.

ನಿಜವಾಗಿ ಅದರಲ್ಲಿ ಜಾಣತನವೇನೂ ಇರಲಿಲ್ಲ. ಎಲ್ಲ ಗುಳಿಯಲ್ಲೂ 5 ಬೀಜವೇ ಇರುವಾಗ ನೀವು ಯಾವ ಗುಳಿಯಿಂದ ಶುರುಮಾಡಿದರೂ ಇದೇ ಸರಪಳಿ ನಡೆದು ಸರಿಯಾಗಿ 7 ಬೀಜವೇ ಸಿಗುತ್ತದೆ. ಗುಳಿಗೆ 4ರಂತೆ ಇಟ್ಟು ಇದೇ ಕ್ರಮದಲ್ಲಿ ಶುರುಮಾಡಿದರೆ 6 ಸಿಗುತ್ತದೆ. ನಂಬಿಕೆ ಬಾರದಿದ್ದರೆ ಮಾಡಿ ನೋಡಿ. ನಸೀಬಿನ ಆಟದಲ್ಲಿ ಹೀಗೆ ಪ್ರತಿ ಸಲ ಒಂದೇ ಉತ್ತರ ಬರುವುದಿಲ್ಲ.

ಈಗ ಅಜ್ಜಿಯ ಸರದಿ. ಅವರ ಸಾಲಿನಲ್ಲಿ 8, 9, 10, 11 ಮತ್ತು 14ರಲ್ಲಿ ತಲಾ 7 ಬೀಜ, 13ರಲ್ಲಿ ಒಂದೇ ಒಂದು, 12 ಖಾಲಿ. ನಾನಾಗಿದ್ದರೆ ತುಂಬಿದ ಗುಳಿಗೇ ಕೈ ಹಾಕುತ್ತಿದ್ದೆ. 11ನ್ನು ಎತ್ತಿದ್ದರೆ ಕೊನೆಯ ಬೀಜ 4ರಲ್ಲಿ ಬಿದ್ದು, ಮುಂದೆ 5ೂ ಖಾಲಿ 6ೂ ಖಾಲಿ, ಏನೂ ದಕ್ಕುತ್ತಿರಲಿಲ್ಲ. ಅಜ್ಜಿ 13ರ ಒಂಟಿ ಬೀಜ ಎತ್ತಿದರು. ಅದು 14ಕ್ಕೆ ಹೋಯಿತು, ಅಲ್ಲಿ ಬೀಜ 8 ಆಯಿತು. ಮುಂದಿನ 1ರಲ್ಲಿದ್ದ ಎರಡನ್ನು ಎತ್ತಿ 2, 3ಕ್ಕೆ ಹಾಕಿದರು. ಮುಂದಿನ 4ರಲ್ಲಿದ್ದ ಎಂಟನ್ನು ಎತ್ತಿ 5ರಿಂದ 12ರವರೆಗೆ ಬಿತ್ತಿದರು. ಮುಂದಿನ 13, ಅವರೇ ಈಗಷ್ಟೇ ಖಾಲಿ ಮಾಡಿದ್ದು. ಅದರ ಆಚೆ 14, ಎಂಟು ಬೀಜ!

"ನಸೀಬು" ಅಂದರು, ಬೀಜ ಬಾಚಿಕೊಳ್ಳುತ್ತ.

ಇಲ್ಲಿ ದಾಳವಿಲ್ಲ, ಮುಚ್ಚಿಟ್ಟ ಎಲೆಯಿಲ್ಲ, ಎಲ್ಲ ಬೀಜವೂ ಇಬ್ಬರ ಕಣ್ಣೆದುರಿಗೇ ಇವೆ. ಚೌಕಾಬಾರದಲ್ಲಿ ಕವಡೆ ಉರುಳುತ್ತದೆ, ಅಲ್ಲಿ ಅದೃಷ್ಟ ಉಂಟು. ಕಾರ್ಡಾಟದಲ್ಲೂ ಉಂಟು, ಆದರೆ ಅದು ಕಲೆಸಿದ ಕಟ್ಟಿನಿಂದ ಯಾವ ಕಾರ್ಡು ಬರುತ್ತದೆ ಎನ್ನುವಲ್ಲಿ. ಟ್ರಿಗರ್ ಎನ್ನುವುದು ಎರಡೂ ಕಡೆ ಬರೀ ಲೆಕ್ಕ. ಸರಪಳಿ ಮೂರು ನಾಲ್ಕು ಕೊಂಡಿ ದಾಟಿದ ಮೇಲೆ ನಮ್ಮ ತಲೆ ಎಣಿಕೆ ಬಿಟ್ಟುಬಿಡುತ್ತದೆ. ಆ ಸೋಲಿಗೆ ನಾವು ಇಟ್ಟುಕೊಂಡಿರುವ ಹೆಸರು ನಸೀಬು. ಅಜ್ಜಿಯ ಬೆರಳು ಎಷ್ಟೋ ವರ್ಷಗಳಿಂದ ಆ ಎಣಿಕೆ ಮಾಡುತ್ತ ಬಂದಿವೆ, ಬಾಯಿ ಮಾತ್ರ ಒಪ್ಪುವುದಿಲ್ಲ.

ಕೆಲವು ಮನೆಗಳಲ್ಲಿ ಇನ್ನೊಂದು ಟ್ರಿಗರ್ ಸೇರಿಸುತ್ತಾರೆ. ಬಿತ್ತುವಾಗ ಯಾವುದೇ ಗುಳಿಯಲ್ಲಿ ಸರಿಯಾಗಿ 4 ಬೀಜ ಕೂಡಿದರೆ ಆ ಗುಳಿಯ ಒಡೆಯರು ಆಗಲೇ ಎತ್ತಿಕೊಳ್ಳಬಹುದು. ತಮಿಳರ ಪಲ್ಲಾಂಗುಳಿಯಲ್ಲಿ ಇದಕ್ಕೆ ಪಸು, ಅಂದರೆ ಹಸು ಎಂದು ಹೆಸರು. ನೀವು ನೋಡದೆ ಇದ್ದಾಗ ಐದನೆಯ ಬೀಜ ಬಿದ್ದುಬಿಟ್ಟರೆ ಹಸು ಹೋಯಿತು. (ಮೇಲಿನ ಎರಡು ಸರದಿಯಲ್ಲಿ ಯಾವ ಗುಳಿಯೂ ನಾಲ್ಕಕ್ಕೆ ಬರುವುದಿಲ್ಲ, ಹಾಗಾಗಿ ಲೆಕ್ಕ ಕೆಡುವುದಿಲ್ಲ.) ಮ್ಯಾಜಿಕ್ ಪಂದ್ಯಗಳಲ್ಲೂ ಹೀಗೆಯೇ, ನಿಮ್ಮ ಟ್ರಿಗರ್ ನೆನಪಿಡುವುದು ನಿಮ್ಮ ಹೊಣೆ. ಎದುರಾಳಿ ನೆನಪಿಸಬೇಕಾಗಿಲ್ಲ.

ಮನೆ ಕಳೆದುಕೊಳ್ಳುವುದು

ಒಂದು ಸುತ್ತು ಮುಗಿಯಿತು ಅನ್ನಿ. ನನ್ನ ಬಳಿ 28 ಬೀಜ, ಅಜ್ಜಿಯ ಬಳಿ 42. ಎರಡನೆಯ ಸುತ್ತಿಗೆ ಪ್ರತಿಯೊಬ್ಬರೂ ತಮ್ಮ ಬೀಜದಿಂದಲೇ ತಮ್ಮ ಗುಳಿ ತುಂಬಬೇಕು. ನನಗೆ 5 ಗುಳಿ ತುಂಬಿ 3 ಬೀಜ ಉಳಿಯಿತು. ಮಿಕ್ಕ 2 ಗುಳಿ ಪಾಳು. ಆ ಸುತ್ತಿನಲ್ಲಿ ಅಲ್ಲಿ ಯಾರೂ ಬಿತ್ತುವಂತಿಲ್ಲ. ನಾಡು ಗೆಲ್ಲುವುದು ಅಂದರೆ ಇದೇ. ಒಂದು ಸುತ್ತಿನ ಸೋಲು ಮುಂದಿನ ಸುತ್ತಿನ ನೆಲವನ್ನೇ ಕಿತ್ತುಕೊಳ್ಳುತ್ತದೆ. ಅವರಿಗೆ ಏಳು ಆಯ್ಕೆ, ನನಗೆ ಐದು. ಆಯ್ಕೆ ಕಡಿಮೆಯಾದಷ್ಟೂ ಒಳ್ಳೆಯ ಸರಪಳಿ ಸಿಗುವ ಸಾಧ್ಯತೆ ಕಡಿಮೆ, ಆದ್ದರಿಂದ ಇನ್ನಷ್ಟು ಸೋಲು, ಇನ್ನಷ್ಟು ಪಾಳು. ಬಡ್ಡಿಯ ಸಾಲದ ಹಾಗೆ.

ತುಳುನಾಡಿನಲ್ಲಿ ಇದೇ ಮಣೆಗೆ ಚೆನ್ನೆಮಣೆ ಎನ್ನುತ್ತಾರೆ. ಅಲ್ಲಿನ ಸಿರಿ ಪಾಡ್ದನದಲ್ಲಿ ಅವಳಿ ಸೋದರಿಯರಾದ ಅಬ್ಬಗ ಮತ್ತು ದಾರಗ ಚೆನ್ನೆ ಆಡುತ್ತ ಜಗಳಕ್ಕೆ ಬೀಳುತ್ತಾರೆ. ಅಬ್ಬಗ ಮಣೆಯಿಂದಲೇ ಹೊಡೆದು ದಾರಗ ಸಾಯುತ್ತಾಳೆ. ಅಕ್ಕತಂಗಿಯರು ಚೆನ್ನೆ ಆಡಬಾರದು ಎಂಬ ನಂಬಿಕೆಯನ್ನು ಈ ಕತೆಗೇ ಜೋಡಿಸುತ್ತಾರೆ. ಮಣೆಯಲ್ಲಿ ಶಾಪವೇನೂ ಇಲ್ಲ. ಆದರೆ ಸೋಲುವವರನ್ನು ಮತ್ತೆ ಮತ್ತೆ ಸೋಲಿಸುವ ಗುಣ ಅದರ ನಿಯಮದಲ್ಲೇ ಇದೆ. ಒಂದೇ ಮನೆಯಲ್ಲಿ ದಿನವೂ ಎದುರು ಕೂರುವ ಇಬ್ಬರಿಗೆ ಅದು ಎಷ್ಟು ಚುಚ್ಚುತ್ತದೆ ಎಂದು ಕತೆ ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ.

ಹುಲಿ–ಕುರಿ ಆಟದಲ್ಲಿ ನೆಲದ ಲೆಕ್ಕ ಇನ್ನೂ ನೇರ. ತ್ರಿಕೋನದ ಮಣೆಯಲ್ಲಿ 23 ಬಿಂದು, 3 ಹುಲಿ, 15 ಕುರಿ. ಒಂದು ಕುರಿಯೂ ಸಾಯದೆ ಎಲ್ಲ ಕುರಿ ಇಳಿದರೆ ಖಾಲಿ ಉಳಿಯುವುದು 5 ಬಿಂದು ಮಾತ್ರ. ಹುಲಿಗೆ ಕುರಿಯನ್ನು ದಾಟಿ ಹಾರಲು ಆಚೆ ಬದಿಯಲ್ಲಿ ಜಾಗ ಬೇಕು. ಕುರಿಗಳು ಹುಲಿಯನ್ನು ಕೊಲ್ಲುವುದಿಲ್ಲ, ಕದಲದಂತೆ ನೆಲ ತುಂಬುತ್ತವೆ. ಪ್ರತಿ ಕುರಿ ಹೋದಾಗಲೂ ಒಂದು ಬಿಂದು ಖಾಲಿಯಾಗಿ ಹುಲಿಗೆ ಉಸಿರಾಡಲು ಜಾಗ ಸಿಗುತ್ತದೆ.

ಈ 'ಗೆದ್ದವರೇ ಗೆಲ್ಲುವ' ಗುಣ ಕಾರ್ಡಾಟ ರೂಪಿಸುವವರನ್ನೂ ಕಾಡಿದ್ದೇ. 2016ರಲ್ಲಿ ಮ್ಯಾಜಿಕ್‌ಗೆ 'ಮೊನಾರ್ಕ್' ಎಂಬ ನಿಯಮ ಬಂತು. ಆಡುವವರಲ್ಲಿ ಒಬ್ಬರಿಗೆ ರಾಜಪಟ್ಟ. ಪಟ್ಟದಲ್ಲಿ ಇರುವವರಿಗೆ ತಮ್ಮ ಸರದಿಯ ಕೊನೆಗೆ ಒಂದು ಹೆಚ್ಚಿನ ಕಾರ್ಡು, ಇದು ಒಂದು ಟ್ರಿಗರ್. ಯಾರದಾದರೂ ಪ್ರಾಣಿ ಕಾಳಗದಲ್ಲಿ ರಾಜನಿಗೆ ಪೆಟ್ಟು ಕೊಟ್ಟಾಗಲೆಲ್ಲ ಪಟ್ಟ ಆ ಪ್ರಾಣಿಯ ಒಡೆಯರಿಗೆ, ಇದು ಇನ್ನೊಂದು. ಮೊದಲನೆಯದು ಗೆದ್ದವರನ್ನು ಬೆಳೆಸುತ್ತದೆ, ಎರಡನೆಯದು ಎಲ್ಲರನ್ನೂ ಅವರ ಮೇಲೆ ಎತ್ತಿಕಟ್ಟುತ್ತದೆ. ಅಳಗುಳಿಮಣೆಯಲ್ಲಿ ಈ ಎರಡನೆಯ ಕೈ ಇಲ್ಲ.

ಹಂಪಿಯ ಕಲ್ಲಿನ ಮೇಲೆ

ಮರುದಿನ ಹುಡುಗರನ್ನು ಕರೆದುಕೊಂಡು ಹಂಪಿಗೆ ಹೋದೆವು. ಅಲ್ಲಿನ ಮಂಟಪದ ಚಪ್ಪಡಿಗಳ ಮೇಲೆ, ಬಂಡೆಗಳ ಮೇಲೆ ಎರಡು ಸಾಲು ಗುಳಿಗಳನ್ನೂ ಹುಲಿ–ಕುರಿಯ ತ್ರಿಕೋನಗಳನ್ನೂ ನೀವು ನೋಡಿರಬಹುದು. 'ಇವೆಲ್ಲ ಕೃಷ್ಣದೇವರಾಯನ ಸೈನಿಕರು ಆಡಿದ್ದು' ಎಂದು ಯಾರಾದರೂ ಹೇಳಿಯೂ ಇರುತ್ತಾರೆ. ಇರಬಹುದು, ಆದರೆ ಗೀರನ್ನು ನೋಡಿ ಹಾಗೆ ಹೇಳಲು ಬರುವುದಿಲ್ಲ. ನೆಲಗಲ್ಲಿನ ಮೇಲಿನ ಮಣೆ ಆ ನೆಲ ಹಾಸಿದ ನಂತರದ್ದಿರಬಹುದು. 1565ರ ನಂತರ ಬಂದ ದನಗಾಹಿಗಳು, ಯಾತ್ರಿಕರು, ಮಂಟಪದ ನೆರಳಿಗೆ ಕೂತವರು ಯಾರು ಬೇಕಾದರೂ ಕೊರೆದಿರಬಹುದು. ಮಣೆ ಗೋಡೆಯ ಮೇಲೋ ಕಂಬದ ಮೇಲೋ ಇದ್ದರೆ ಮಾತ್ರ ಒಂದು ಸುಳಿವು: ಗೋಡೆಯ ಮೇಲೆ ಬೀಜ ನಿಲ್ಲುವುದಿಲ್ಲವಲ್ಲ, ಆ ಕಲ್ಲು ಮೊದಲು ಬೇರೆಲ್ಲೋ ಮಲಗಿತ್ತು ಎಂದರ್ಥ.

ಗುಳಿಯೆಲ್ಲ ಆಟದ್ದೂ ಅಲ್ಲ. ಬಂಡೆಯ ಅಂಚಿನಲ್ಲಿ ಒಂದೇ ಸಾಲಾಗಿ, ಚೌಕ ಬಾಯಿಯ ಗುಳಿಗಳಿದ್ದರೆ ಅವು ಕಲ್ಲು ಸೀಳಲು ಬೆಣೆ ಹೊಡೆದ ಗುರುತು. ಒಂಟಿಯಾಗಿ ಆಳವಾಗಿ ನುಣುಪಾಗಿದ್ದರೆ ಒರಳಿರಬಹುದು. ಎರಡು ಸಾಲು, ದುಂಡು, ಸಾಲಿಗೆ ಏಳು ಇದ್ದರೆ ಮಾತ್ರ ಜೇಬಿನ ಬೀಜ ಹೊರತೆಗೆಯಬಹುದು.

ಹೊಸದಾಗಿ ಗೀರುವ ಆಸೆ ಬೇಡ. ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಮ್ಮ ಹುಡುಗರು ಮನೆಗೆ ಬಂದು ಮೊಟ್ಟೆಯ ಟ್ರೇ ಕತ್ತರಿಸಿ 14 ಗುಳಿ ಮಾಡಿಕೊಂಡರು. ತಮ್ಮ ಮೊದಲ ಸುತ್ತಿನಲ್ಲೇ ಎರಡು ಮನೆ ಕಳೆದುಕೊಂಡ. ಅಣ್ಣ ಹಸು ನೋಡದೆ ಬಿಟ್ಟಾಗ ಮಾತ್ರ, ನೆನಪಿಸುವುದು ತನ್ನ ಕೆಲಸವಲ್ಲ ಎಂದು ಸುಮ್ಮನೆ ಕೂತಿದ್ದ.