ಹುಟ್ಟುನ್ಯೂನತೆ: ತಾಯಿಯ ತಪ್ಪೇ, ಗ್ರಹಣದ ಫಲವೇ?

ಮನೆಯ ಸೊಸೆಯೋ ಮಗಳೋ ಗರ್ಭಿಣಿಯಾದಳೆಂದು ತಿಳಿದೊಡನೆ ಹಿರಿಯರ ಬಾಯಿಂದ ನಿಷೇಧಗಳ ಪಟ್ಟಿಯೇ ಹೊರಡುವುದುಂಟು. ಗ್ರಹಣಕಾಲದಲ್ಲಿ ಈಳಿಗೆಮಣೆ ಮುಟ್ಟಿದರೆ ಮಗುವಿನ ತುಟಿ ಸೀಳುತ್ತದೆ. ಬಯಕೆ ತೀರದಿದ್ದರೆ ಕೂಸಿಗೆ ಊನವಾಗುತ್ತದೆ. ಎರಡನೆಯ ಮಾತು ಬಹು ಹಳೆಯದು, ಸುಶ್ರುತಸಂಹಿತೆಯಲ್ಲಿಯೇ ಉಂಟು. ತನ್ನದೊಂದು, ಶಿಶುವಿನದೊಂದು, ಹೀಗೆ ಎರಡು ಹೃದಯಗಳುಳ್ಳವಳೆಂದು ಗರ್ಭಿಣಿಯನ್ನು ಅಲ್ಲಿ ದೌಹೃದಿನಿ ಎಂದು ಕರೆದಿದ್ದಾರೆ. ಬಯಕೆಯನ್ನು ಅಗತ್ಯವಾಗಿ ತೀರಿಸಿರಿ. ಅದು ಅಕ್ಕರೆಯ ಪದ್ಧತಿ. ಆದರೆ ಊನದ ಕಾರಣವನ್ನು ಬೇರೆಡೆ ಹುಡುಕಬೇಕು.

ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು ಇಬ್ಬರು ಮೂವರಿಗೆ ಗಮನಾರ್ಹವಾದ ನ್ಯೂನತೆ ಇರುತ್ತದೆ. ಅಂಥ ಮನೆಯಲ್ಲಿ ಎಲ್ಲರ ಬೆರಳೂ ತಾಯಿಯತ್ತಲೇ ತಿರುಗುತ್ತದೆ. ಇದು ನ್ಯಾಯವೆ? ವಿಚಾರಿಸಿ ನೋಡೋಣ.

ಮೊದಲು ಕಾಲದ ಲೆಕ್ಕ. ಗರ್ಭ ಕಟ್ಟಿದ ಮೂರನೆಯ ವಾರದಿಂದ ಎಂಟನೆಯ ವಾರದವರೆಗೆ ಶಿಶುವಿನ ಮುಖ್ಯ ಅವಯವಗಳು ರೂಪುಗೊಳ್ಳುತ್ತವೆ. ಮಿದುಳಿಗೂ ಬೆನ್ನುಹುರಿಗೂ ಮೂಲವಾದ ನಾಳವು ಸುಮಾರು 28 ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ಮೇಲ್ದುಟಿಯ ಭಾಗಗಳು ಏಳನೆಯ ವಾರದ ಹೊತ್ತಿಗೆ ಕೂಡಿಕೊಂಡಿರುತ್ತವೆ. ಹೀಗಿರುವಾಗ ಐದನೆಯ ತಿಂಗಳಲ್ಲಿ ಬಂದ ಗ್ರಹಣವು ಆಗಲೇ ಕೂಡಿದ ತುಟಿಯನ್ನು ಸೀಳುವುದೆಂತು?

ಹಾಗಾದರೆ ನಿಜವಾದ ಕಾರಣಗಳಾವುವು? ಕೆಲವು ಹೊರಗಿನಿಂದ ಬರುತ್ತವೆ. 1941ರಲ್ಲಿ ಆಸ್ಟ್ರೇಲಿಯದ ಸಿಡ್ನಿ ನಗರದ ನೇತ್ರವೈದ್ಯ ನಾರ್ಮನ್ ಗ್ರೆಗ್ ಅವರು ಹಲವು ಶಿಶುಗಳಲ್ಲಿ ಹುಟ್ಟಿನಿಂದಲೇ ಕಣ್ಣಿನ ಪೊರೆಯನ್ನು ಕಂಡರು. ಅವರ ತಾಯಂದಿರಲ್ಲಿ ಬಹುಮಂದಿಗೆ ಗರ್ಭದ ಆರಂಭದಲ್ಲಿ ರುಬೆಲ್ಲಾ ಎಂಬ ಸೌಮ್ಯವಾದ ಜ್ವರ ಬಂದಿತ್ತು. ತಾಯಿಗೆ ಅಲ್ಪವಾದ ಬೇನೆ ಶಿಶುವಿನ ಕಣ್ಣು, ಕಿವಿ, ಹೃದಯಗಳಿಗೆ ಘೋರವಾಗಬಲ್ಲದು. ಇದಕ್ಕೆ ಲಸಿಕೆ ಇದೆ. ಅದನ್ನು ಗರ್ಭಧರಿಸುವುದಕ್ಕೆ ಒಂದು ತಿಂಗಳಾದರೂ ಮೊದಲೇ ಹಾಕಿಸಬೇಕು, ಗರ್ಭಿಣಿಗೆ ಕೂಡದು. ನಮ್ಮ ರಾಜ್ಯದ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕುವ ಅಭಿಯಾನ 2017ರಲ್ಲಿ ನಡೆಯಿತು.

ಎರಡನೆಯದು ಔಷಧ. ಪಶ್ಚಿಮ ಜರ್ಮನಿಯಲ್ಲಿ 1957ರಲ್ಲಿ ಮಾರಾಟಕ್ಕೆ ಬಂದ ಥ್ಯಾಲಿಡೊಮೈಡ್ ಎಂಬ ನಿದ್ರೆಯ ಗುಳಿಗೆಯನ್ನು ಗರ್ಭಿಣಿಯರು ವಾಂತಿಶಮನಕ್ಕೂ ನುಂಗಿದರು. ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲು ಮೊಟಕಾಗಿ ಹುಟ್ಟಿದರು. 1961ರಲ್ಲಿ ಅಲ್ಲಿ ಅದನ್ನು ಹಿಂತೆಗೆದುಕೊಂಡರು. ಆದುದರಿಂದ ಅಂಗಡಿಯವನ ಮಾತು ಕೇಳಿ ಗುಳಿಗೆ ನುಂಗಬೇಡಿರಿ. ಹಾಗೆಂದು ಮೂರ್ಛೆರೋಗಕ್ಕೋ ಮಧುಮೇಹಕ್ಕೋ ನಡೆಯುತ್ತಿರುವ ಔಷಧವನ್ನು ತಾವಾಗಿ ನಿಲ್ಲಿಸಲೂ ಬೇಡಿರಿ, ವೈದ್ಯರನ್ನು ಕೇಳಿರಿ. ಮದ್ಯ, ಹೊಗೆಸೊಪ್ಪು ಎರಡೂ ವರ್ಜ್ಯ.

ಮೂರನೆಯದು ಆಹಾರದ ಕೊರತೆ. ಸೊಪ್ಪು, ಕಾಳುಗಳಲ್ಲಿರುವ ಫೋಲೇಟ್ ಎಂಬ ಜೀವಸತ್ತ್ವ ಸಾಲದೆ ಹೋದರೆ ಬೆನ್ನುಹುರಿಯ ನಾಳ ಮುಚ್ಚದೆ ಉಳಿಯಬಹುದು. ಮೊದಲೊಮ್ಮೆ ಇಂಥ ಶಿಶುವನ್ನು ಹೆತ್ತವರಿಗೆ ಫೋಲಿಕ್ ಆಮ್ಲ ಕೊಟ್ಟಾಗ ಅದು ಮರುಕಳಿಸುವುದು 72 ಶೇಕಡ ತಗ್ಗಿತೆಂದು 1991ರಲ್ಲಿ ಬ್ರಿಟನ್ನಿನ ಸಂಶೋಧಕರು ಪ್ರಕಟಿಸಿದರು. ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೊಗ್ರಾಂ ಸಾಕು. ಮೊದಲು ಅಂಥ ಮಗು ಹುಟ್ಟಿದ್ದರೆ ವೈದ್ಯರು ಹೆಚ್ಚಿನ ಪ್ರಮಾಣ ಹೇಳುತ್ತಾರೆ. ಮುಟ್ಟು ತಪ್ಪಿದ ಮೇಲೆ ಆರಂಭಿಸಿದರೆ ತಡವಾದೀತು. ತಿಂಗಳ ಮೊದಲೇ ತೊಡಗುವುದು ಲೇಸು.

ಇನ್ನು ಒಳಗಿನ ಕಾರಣಗಳು. 46 ವರ್ಣತಂತುಗಳಿರಬೇಕಾದಲ್ಲಿ 47 ಇರುವುದೇ ಡೌನ್ ಲಕ್ಷಣಕ್ಕೆ ಮೂಲವೆಂದು 1959ರಲ್ಲಿ ಫ್ರಾನ್ಸಿನ ಲೆಜೂನ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿದರು. ತಾಯಿಯ ವಯಸ್ಸು ಏರಿದಂತೆ ಇದರ ಸಂಭವ ಹೆಚ್ಚು. ಆದರೆ ಯಾರ ನಡತೆಯಿಂದಲೂ ಬಂದುದಲ್ಲ. ನಮ್ಮಲ್ಲಿ ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗುವ ವಾಡಿಕೆ ಉಂಟಷ್ಟೆ. ಒಂದೇ ವಂಶದವರಲ್ಲಿ ಒಂದೇ ದೋಷದ ವಂಶವಾಹಿ ಅಡಗಿರುವ ಸಂಭವ ಹೆಚ್ಚು. ಅದು ಇಬ್ಬರಲ್ಲಿಯೂ ಇದ್ದರೆ ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲೊಂದು ಪಾಲು ಅಪಾಯ. ಇಲ್ಲಿ ತಂದೆಯ ಪಾಲೂ ತಾಯಿಯ ಪಾಲೂ ಸರಿಸಮ. ಇಂಥ ದಂಪತಿಗಳ ಬಹುಪಾಲು ಮಕ್ಕಳು ಆರೋಗ್ಯವಂತರೇ. ಆದರೂ ಮೊದಲೇ ವೈದ್ಯರ ಸಲಹೆ ಪಡೆಯುವುದು ವಿವೇಕ.

ಎಷ್ಟೋ ಸಂದರ್ಭಗಳಲ್ಲಿ ಕಾರಣವೇ ಸಿಕ್ಕುವುದಿಲ್ಲ. ಕಾರಣ ಸಿಕ್ಕದೆಂದು ತಾಯಿಯನ್ನು ಹಳಿಯುವುದು ಸಲ್ಲದು. ಐದನೆಯ ತಿಂಗಳ ಸುಮಾರಿಗೆ ಸ್ಕ್ಯಾನಿಂಗ್ ಮಾಡಿಸಿದರೆ ಹಲವು ನ್ಯೂನತೆಗಳು ಮುಂಚೆಯೇ ತಿಳಿಯುತ್ತವೆ. ಸೀಳುತುಟಿಯನ್ನು ಮಗುವಿಗೆ ಕೆಲವೇ ತಿಂಗಳಾದಾಗ ಶಸ್ತ್ರಚಿಕಿತ್ಸೆಯಿಂದ ಕೂಡಿಸುತ್ತಾರೆ. ಅಂಥ ಕೂಸು ಹುಟ್ಟಿದರೆ ಪಂಚಾಂಗ ತೆರೆದು ಗ್ರಹಣದ ದಿನ ಹುಡುಕುತ್ತ ಕೂರಬೇಡಿರಿ. ಬಾಣಂತಿಗೆ ಧೈರ್ಯ ಹೇಳಿರಿ, ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಿರಿ.