ಬಾವಿಗೆ ಡೈ ಹೊಡೆಯೋ ಹುಡುಗರಿಗೆ ಕೋಚ್ ಎಲ್ಲಿ?

ಗುಮ್ಮಘಟ್ಟ: ಈ ಭಾಗದಲ್ಲಿ ಈಜು ಕಲಿಯಲು ಶಾಲೆ ಇಲ್ಲ, ಮೇಷ್ಟ್ರೂ ಇಲ್ಲ. ತೋಟದ ಬಾವಿ, ಸೊಂಟಕ್ಕೆ ಕಟ್ಟಿದ ಬೆಂಡು ಇಲ್ಲವೇ ಒಣಗಿದ ಸೋರೆ ಬುರುಡೆ, ಅದೂ ಸಿಗದಿದ್ದರೆ ಟ್ರ್ಯಾಕ್ಟರ್ ಟ್ಯೂಬು, ದಡದಲ್ಲಿ ಹಗ್ಗ ಹಿಡಿದು ನಿಂತ ಅಣ್ಣ ಅಥವಾ ಮಾವ. ಇಷ್ಟೇ ಸರಂಜಾಮು. ಎರಡು ದಿನ ನೀರು ಕುಡಿದು, ಮೂರನೇ ದಿನ ಕೈಕಾಲು ಬಡಿದು, ನಾಲ್ಕನೇ ದಿನ ಬಾವಿ ಕಟ್ಟೆ ಮೇಲಿಂದ ಡೈ ಹೊಡೆದರೆ ಹುಡುಗನಿಗೆ ಈಜು ಬಂತು ಅಂತ ಲೆಕ್ಕ. ಹೆಣ್ಣುಮಕ್ಕಳಿಗೆ ಅದೂ ಇಲ್ಲ. 'ನೀರಿನ ಕಡೆ ಹೋದ್ರೆ ಕಾಲು ಮುರೀತೀನಿ ನೋಡು' ಎಂಬ ಅವ್ವನ ಮಾತೇ ಅವರಿಗೆ ಮೊದಲ ಪಾಠ, ಕೊನೆಯ ಪಾಠ.

ಬೋರ್‌ವೆಲ್‌ಗಳು ಬಂದ ಮೇಲೆ ತೆರೆದ ಬಾವಿಗಳು ಬತ್ತಿದವು. ಬೆಂಡು ಕಟ್ಟಿ ಕಲಿಸುವ ಪದ್ಧತಿಯೂ ಅದರ ಜೊತೆಗೇ ಹೋಯಿತು. ಅಪ್ಪನಿಗೆ ಈಜು ಗೊತ್ತು, ಮಗನಿಗೆ ಗೊತ್ತಿಲ್ಲ ಎನ್ನುವ ಮನೆಗಳು ಈಗ ಬೇಕಾದಷ್ಟಿವೆ. ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳ ಸಾಲಿನಲ್ಲಿರುವ ಅನಂತಪುರದಲ್ಲಿ ಈಜಿನ ಮಾತು ಯಾಕಪ್ಪಾ ಎಂದು ಕೇಳುವವರೂ ಇದ್ದಾರೆ. ಆದರೆ ನೀರು ಇಲ್ಲಿಗೆ ಹೇಳಿ ಕೇಳಿ ಬರುವುದಿಲ್ಲ. ಬಂದಾಗ ಒಮ್ಮೆಲೇ ಬರುತ್ತದೆ. 2022ರಲ್ಲಿ ಹಿರಿಯೂರು ಬಳಿಯ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರ ನಂತರ ಮೊದಲ ಬಾರಿ ಕೋಡಿ ಬಿದ್ದಿತು. ಕೆಳಭಾಗದ ವೇದಾವತಿ ಮೈದುಂಬಿ ಹರಿಯಿತು. ಅದೇ ಹೊಳೆಗೆ ಅಡ್ಡಲಾಗಿ ಗುಮ್ಮಘಟ್ಟ ಮಂಡಲದಲ್ಲಿ ಭೈರವಾನಿತಿಪ್ಪ ಜಲಾಶಯ ಇದೆ. ಹೊಳೆ ನೋಡಲು ಹೋಗುವ ಹುಡುಗರಲ್ಲಿ ಎಷ್ಟು ಮಂದಿಗೆ ಈಜು ಬರುತ್ತದೆ ಎಂಬುದು ಯೋಚಿಸಬೇಕಾದ ವಿಷಯ. ದೇಶದಲ್ಲಿ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ ಎನ್ನುತ್ತವೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕಗಳು.

ಜೀವ ಉಳಿಸಿಕೊಳ್ಳೋದು ಸರಿ, ಈಜಿನಿಂದ ಹೊಟ್ಟೆ ತುಂಬುತ್ತಾ? ತಂದೆ ತಾಯಿ ಕೇಳುವ ಮುಂದಿನ ಪ್ರಶ್ನೆ ಇದು. ಕೋಚ್ ಕೆಲಸವನ್ನೇ ಬದುಕು ಮಾಡಿಕೊಂಡವರ ಕಥೆ ನೋಡಿದರೆ ಉತ್ತರ ಸಿಗುತ್ತದೆ. ಅಂಥ ಒಂದು ಕಥೆ ಶುರುವಾದದ್ದು ಈಜುಕೊಳದಲ್ಲಿ ಅಲ್ಲ, ನಮ್ಮ ಭಾಗದಲ್ಲಿರುವಂಥ ಹೊಲದ ಕಾಲುವೆಯಲ್ಲಿ.

ಕಬ್ಬಿನ ಗದ್ದೆಯ ಮೇಷ್ಟ್ರು

ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ ಮಾವಿ ಎಂಬುದೊಂದು ದ್ವೀಪ. ಅಲ್ಲಿ ಕಬ್ಬಿನ ತೋಟಗಳಿಗೆ ದುಡಿಯಲು ಜಪಾನ್, ಫಿಲಿಪ್ಪೀನ್ಸ್ ಮುಂತಾದ ಕಡೆಗಳಿಂದ ಕೂಲಿಕಾರರು ಬಂದು ನೆಲೆಸಿದ್ದರು. ಅವರ ಮಕ್ಕಳು ಸೆಕೆ ತಡೆಯಲಾರದೆ ಕಬ್ಬಿಗೆ ನೀರು ಹಾಯಿಸುವ ಕಾಲುವೆಗೆ ಇಳಿಯುತ್ತಿದ್ದರು, ತೋಟದ ಕಾವಲುಗಾರರು ಓಡಿಸುತ್ತಿದ್ದರು. ಊರಿನ ಪ್ರಾಥಮಿಕ ಶಾಲೆಯ ಮೇಷ್ಟ್ರು ಸೊಯಿಚಿ ಸಕಾಮೊಟೊ ಇದನ್ನು ನೋಡಿ, 'ಹುಡುಗರನ್ನು ನಾನು ನೋಡಿಕೊಳ್ತೀನಿ' ಎಂದು ಜವಾಬ್ದಾರಿ ಹೊತ್ತರು. ತಮಾಷೆ ಎಂದರೆ ಮೇಷ್ಟ್ರಿಗೇ ಈಜು ಅಷ್ಟಕ್ಕಷ್ಟೇ.

ಕಾಲುವೆ ಸುಮಾರು 8 ಅಡಿ ಅಗಲ, 4 ಅಡಿ ಆಳ. ಅದರಲ್ಲಿ ನೀರು ಹರಿಯುತ್ತಿತ್ತು. ಮೇಷ್ಟ್ರು ಆ ಹರಿವನ್ನೇ ಉಪಾಯಕ್ಕೆ ಬಳಸಿದರು. ಮಕ್ಕಳನ್ನು ಪ್ರವಾಹಕ್ಕೆ ಎದುರಾಗಿ ಈಜಿಸಿದರು. ಎದುರು ಈಜಿ ಈಜಿ ತೋಳು ಗಟ್ಟಿಯಾಯಿತು, ಉಸಿರು ಉದ್ದವಾಯಿತು. 1937ರಲ್ಲಿ 'ಮೂರು ವರ್ಷದ ಈಜು ಸಂಘ' ಕಟ್ಟಿದರು. ಮೂರು ವರ್ಷ ಯಾಕೆ ಎಂದರೆ 1940ರ ಒಲಿಂಪಿಕ್ಸ್ ಟೋಕಿಯೋದಲ್ಲಿ ನಡೆಯಬೇಕಿತ್ತು, ಅಷ್ಟರೊಳಗೆ ಈ ಕೂಲಿ ಮಕ್ಕಳು ಅಲ್ಲಿರಬೇಕು ಎಂಬುದು ಅವರ ಹಟ. ಕೇಳಿದವರು ನಕ್ಕಿರಬಹುದು. ಆದರೆ 1939, 1940, 1941ರಲ್ಲಿ ಸಾಲಾಗಿ ಅಮೆರಿಕದ ರಾಷ್ಟ್ರೀಯ ತಂಡ ಪ್ರಶಸ್ತಿಯನ್ನು ಗೆದ್ದವರು ಇವರೇ.

ಯುದ್ಧ ಬಂತು. 1940ರ ಒಲಿಂಪಿಕ್ಸ್ ನಡೆಯಲಿಲ್ಲ, 1944ರದ್ದೂ ನಡೆಯಲಿಲ್ಲ. ಹುಡುಗರ ಒಳ್ಳೆಯ ವಯಸ್ಸು ಹಾಗೇ ಕಳೆದುಹೋಯಿತು. ಕೊನೆಗೆ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೇಷ್ಟ್ರ ಶಿಷ್ಯ ಬಿಲ್ ಸ್ಮಿತ್ 400 ಮೀಟರ್ ಫ್ರೀಸ್ಟೈಲ್‌ನಲ್ಲಿ ಚಿನ್ನ ಗೆದ್ದರು, ರಿಲೇಯಲ್ಲಿ ಇನ್ನೊಂದು ಚಿನ್ನ. ಪದಕಕ್ಕಿಂತ ನಮ್ಮ ಜನ ಗಮನಿಸಬೇಕಾದ್ದು ಬೇರೆ ಇದೆ. ಬಿಲ್ ಸ್ಮಿತ್, ಕಿಯೊ ನಕಾಮಾ ಮುಂತಾದ ಈ ಹುಡುಗರು ಈಜಿನ ಬಲದಿಂದಲೇ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯ ಸೇರಿದರು. ಹುಡುಗರು ಡಿಗ್ರಿ ತಂದರು. ಮೇಷ್ಟ್ರೂ ಯುದ್ಧದ ನಂತರ ಹವಾಯಿ ವಿಶ್ವವಿದ್ಯಾಲಯದ ಈಜು ಕೋಚ್ ಆಗಿ ಬಹಳ ವರ್ಷ ದುಡಿದರು. 1997ರಲ್ಲಿ ತೀರಿಕೊಂಡಾಗ ಅವರಿಗೆ 91 ವರ್ಷ.

ಅಮೆರಿಕದ ಕಾಲೇಜುಗಳಲ್ಲಿ ಕೋಚ್ ಎಂದರೆ ಪೂರ್ಣಾವಧಿ ಸಂಬಳದ ಹುದ್ದೆ. ಈಜು ಮತ್ತು ಡೈವಿಂಗ್ ಎರಡೂ ಸೇರಿ ಒಂದೇ ತಂಡ, ಎರಡರ ಅಂಕವೂ ಕಾಲೇಜಿನ ಖಾತೆಗೇ ಸೇರುತ್ತದೆ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಕೌನ್ಸಿಲ್‌ಮನ್ ಎಂಬವರು 1957ರಿಂದ 1990ರವರೆಗೆ ಇದೇ ಕೆಲಸ ಮಾಡಿದರು. ಕ್ಯಾಮೆರಾವನ್ನು ನೀರಿನೊಳಗೆ ಇಳಿಸಿ ಕೈ ಹೇಗೆ ತಿರುಗುತ್ತದೆ ಎಂದು ನೋಡಿದವರು. 1968ರಿಂದ 1973ರವರೆಗೆ ಅವರ ತಂಡ ಸತತ ಆರು ಬಾರಿ ಅಲ್ಲಿನ ಕಾಲೇಜು ಚಾಂಪಿಯನ್. ಡೈವಿಂಗ್‌ಗೆ ಅಲ್ಲಿ ಹೋಬಿ ಬಿಲಿಂಗ್ಸ್‌ಲಿ ಎಂಬ ಬೇರೆಯೇ ಕೋಚ್ ಇದ್ದರು. ಹಲಗೆಯಿಂದ ಹಾರಿ ಗಾಳಿಯಲ್ಲಿ ಲಾಗ ಹಾಕುವ ವಿದ್ಯೆಯೇ ಬೇರೆ, ನೀರು ಸೀಳಿ ಮುಂದೆ ಹೋಗುವ ವಿದ್ಯೆಯೇ ಬೇರೆ.

ಬೆಂಗಳೂರಿನ ಇಬ್ಬರು ದ್ರೋಣಾಚಾರ್ಯರು

ನಮ್ಮಲ್ಲಿ ಈ ಕೆಲಸ ಕಾಲೇಜಿನ ಒಳಗೆ ಬೆಳೆಯಲಿಲ್ಲ, ಈಜು ಕೇಂದ್ರಗಳಲ್ಲಿ ಬೆಳೆಯಿತು. ಅದರ ತವರು ಬೆಂಗಳೂರು. ಎಸ್. ಪ್ರದೀಪ್ ಕುಮಾರ್ ಬಸವನಗುಡಿ ಅಕ್ವಾಟಿಕ್ ಸೆಂಟರ್‌ನಲ್ಲಿ ಈಜುಪಟುಗಳನ್ನು ತಯಾರು ಮಾಡಿದರು. ನಿಹಾರ್ ಅಮೀನ್ ಸ್ವತಃ ಈಜುಪಟುವಾಗಿದ್ದವರು, ಡಾಲ್ಫಿನ್ ಅಕ್ವಾಟಿಕ್ಸ್ ಮೂಲಕ ಇನ್ನೊಂದು ಸಾಲನ್ನು ಬೆಳೆಸಿದರು. ಅಮೀನ್ ಅವರಿಗೆ 2015ರಲ್ಲಿ, ಪ್ರದೀಪ್ ಅವರಿಗೆ 2016ರಲ್ಲಿ ಜೀವಮಾನದ ಸಾಧನೆಗಾಗಿ ದ್ರೋಣಾಚಾರ್ಯ ಪ್ರಶಸ್ತಿ ಬಂತು.

ಪ್ರದೀಪ್ ಅವರ ಗರಡಿಯಿಂದ ಬಂದ ನಿಶಾ ಮಿಲೆಟ್ ಕಥೆಯನ್ನು ಇಲ್ಲಿನ ತಾಯಂದಿರು ಕೇಳಬೇಕು. ಐದು ವರ್ಷದ ಮಗುವಾಗಿದ್ದಾಗ ಆಕೆ ನೀರಿನಲ್ಲಿ ಮುಳುಗಿ ಬದುಕಿ ಉಳಿದವಳು. ನಮ್ಮ ಮನೆಗಳಲ್ಲಾದರೆ ಅಲ್ಲಿಗೆ ನೀರಿನ ಸಹವಾಸವೇ ಮುಗಿಯುತ್ತಿತ್ತು. ಆಕೆಯ ತಂದೆ ಉಲ್ಟಾ ಮಾಡಿದರು. 1991ರಲ್ಲಿ ಚೆನ್ನೈನ ಕೊಳವೊಂದಕ್ಕೆ ಕರೆದೊಯ್ದು ಈಜು ಕಲಿಸಿದರು. ಮುಂದೆ ಕುಟುಂಬ ಬೆಂಗಳೂರಿಗೆ ಬಂತು. ನೂರು ಮೀಟರ್ ಫ್ರೀಸ್ಟೈಲನ್ನು ಒಂದು ನಿಮಿಷದೊಳಗೆ ಮುಗಿಸಿದ ಮೊದಲ ಭಾರತೀಯ ಮಹಿಳೆ ಆಕೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಈಜಿದರು. ಸ್ಪರ್ಧೆಯಿಂದ ನಿವೃತ್ತರಾದ ಮೇಲೆ ಬೆಂಗಳೂರಿನಲ್ಲಿ ತಮ್ಮದೇ ಅಕಾಡೆಮಿ ತೆರೆದು ಕಲಿಸುವ ಕೆಲಸ ಹಿಡಿದರು.

ಅಮೀನ್ ಅವರ ಬಳಿಗೆ ಹೊರ ಊರುಗಳಿಂದ ಹುಡುಗರು ಬಂದರು. ಕೊಲ್ಹಾಪುರದ ವೀರ್‌ಧವಲ್ ಖಾಡೆ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 50 ಮೀಟರ್ ಬಟರ್‌ಫ್ಲೈ ಕಂಚು ಗೆದ್ದರು. 1986ರಲ್ಲಿ ಖಜಾನ್ ಸಿಂಗ್ ಬೆಳ್ಳಿ ಗೆದ್ದ ಮೇಲೆ ಏಷ್ಯಾಡ್ ಈಜಿನಲ್ಲಿ ಭಾರತಕ್ಕೆ ಪದಕ ಬರಲು 24 ವರ್ಷ ಹಿಡಿಯಿತು. ದೆಹಲಿಯ ಸಂದೀಪ್ ಸೆಜ್ವಾಲ್ 2014ರಲ್ಲಿ ಇಂಚಾನ್‌ನಲ್ಲಿ ಕಂಚು ತಂದರು. ಬೆಂಗಳೂರಿನವರೇ ಆದ ಶ್ರೀಹರಿ ನಟರಾಜ್ ಟೋಕಿಯೋ, ಪ್ಯಾರಿಸ್ ಎರಡೂ ಒಲಿಂಪಿಕ್ಸ್‌ಗೆ ಹೋಗಿಬಂದರು.

ಕೋಚ್ ಕೆಲಸದ ತ್ರಾಸು ಎಂಥದ್ದು ಎಂದು ತಿಳಿಯಲು ಪ್ರದೀಪ್ ಮತ್ತು ಸಾಜನ್ ಪ್ರಕಾಶ್ ಜೋಡಿಯನ್ನೇ ನೋಡಬಹುದು. ಕೇರಳ ಮೂಲದ ಸಾಜನ್ 2020ರ ಲಾಕ್‌ಡೌನ್‌ನಲ್ಲಿ ಥಾಯ್ಲೆಂಡ್‌ನಲ್ಲಿ ಸಿಕ್ಕಿಬಿದ್ದರು, ಕುತ್ತಿಗೆ ನೋವು ಬೇರೆ. ಅಷ್ಟರಲ್ಲಿ ದುಬೈಯಲ್ಲಿದ್ದ ಪ್ರದೀಪ್ ಶಿಷ್ಯನನ್ನು ಅಲ್ಲಿಗೆ ಕರೆಸಿಕೊಂಡು ಮೊದಲಿನಿಂದ ತಯಾರು ಮಾಡಿದರು. 2021ರ ಜೂನ್‌ನಲ್ಲಿ ರೋಮ್‌ನಲ್ಲಿ 200 ಮೀಟರ್ ಬಟರ್‌ಫ್ಲೈಯನ್ನು ಸಾಜನ್ 1 ನಿಮಿಷ 56.38 ಸೆಕೆಂಡ್‌ನಲ್ಲಿ ಮುಗಿಸಿದರು. ಒಲಿಂಪಿಕ್ಸ್‌ಗೆ ನೇರ ಅರ್ಹತೆ ಪಡೆದ ಮೊದಲ ಭಾರತೀಯ ಈಜುಪಟು ಎನಿಸಿದರು. ಬೇಕಿದ್ದದ್ದು 1 ನಿಮಿಷ 56.48. ಸೆಕೆಂಡಿನ ಹತ್ತನೇ ಒಂದು ಭಾಗ! ಕಣ್ಣು ಮಿಟುಕಿಸುವಷ್ಟೂ ಅಲ್ಲ. ಅಷ್ಟಕ್ಕಾಗಿ ವರ್ಷಗಟ್ಟಲೆ ನಸುಕಿನಲ್ಲೆದ್ದು ಕೊಳದ ದಂಡೆ ಮೇಲೆ ಗಡಿಯಾರ ಹಿಡಿದು ನಿಲ್ಲಬೇಕು.

ಕಾಲೇಜಿನಲ್ಲಿ ಯಾರಿದ್ದಾರೆ?

ಗಡಿ ಭಾಗದ ಡಿಗ್ರಿ ಕಾಲೇಜಿನಲ್ಲಿ ಈಜು ಕೋಚ್ ಹುಡುಕಿದರೆ ಸಿಗುವವರು ಪಿ.ಡಿ. ಸಾರ್, ಅಂದರೆ ದೈಹಿಕ ಶಿಕ್ಷಣ ನಿರ್ದೇಶಕರು. ಕಬಡ್ಡಿ, ವಾಲಿಬಾಲ್, ಓಟ, ಎನ್‌ಎಸ್‌ಎಸ್ ಮೆರವಣಿಗೆ ಎಲ್ಲ ಅವರ ತಲೆ ಮೇಲೆ. ಈಜು ಆ ಪಟ್ಟಿಯ ಕೊನೆಯಲ್ಲೂ ಇರುವುದಿಲ್ಲ. ಈ ಹುದ್ದೆಗೆ ಎಂ.ಪಿ.ಇಡಿ. ಜೊತೆಗೆ ನೆಟ್ ಇಲ್ಲವೇ ರಾಜ್ಯದ ಸೆಟ್ ಬೇಕು. ಈಜು ಕೋಚ್ ಆಗಲು ದಾರಿ ಬೇರೆ: ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ, ಜನರ ಬಾಯಲ್ಲಿ 'ಎನ್‌ಐಎಸ್'. 1961ರಲ್ಲಿ ಶುರುವಾದ ಸಂಸ್ಥೆ ಅದು. ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ. ಅದು ಮುಗಿಸಿದವರಿಗೆ ಶಾಲೆ, ಕ್ಲಬ್, ಅಪಾರ್ಟ್‌ಮೆಂಟ್ ಕೊಳಗಳಲ್ಲಿ ಕೆಲಸ ಉಂಟು. ದೊಡ್ಡ ಸಂಬಳ ಅಂತ ಹೇಳಲಾಗದು, ಕಾಯಂ ಅಂತಲೂ ಹೇಳಲಾಗದು. ಬಾವಿಯಲ್ಲಿ ಕಲಿತ ಹುಡುಗನಿಗೆ ಉಸಿರಾಟ, ಕೈ ಬೀಸುವ ಕ್ರಮ ಎಲ್ಲ ಹೊಸದಾಗಿ ತಿದ್ದಬೇಕಾಗುತ್ತದೆ. ಆದರೆ ನೀರಿನ ಭಯ ಬಿಡಿಸುವ ಕೆಲಸ ಉಳಿಯುತ್ತದಲ್ಲ, ಅದೇ ದೊಡ್ಡ ಭಾಗ.

ಕಾಲೇಜಿನ ಹೆಸರಿನಲ್ಲಿ ಈಜು ಏನು ಕೊಡಬಲ್ಲದು ಎಂಬುದಕ್ಕೆ ಒಂದು ಉದಾಹರಣೆ 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ. ಆತಿಥೇಯ ಜೈನ್ ವಿಶ್ವವಿದ್ಯಾಲಯ 20 ಚಿನ್ನ ಗೆದ್ದು ಮೊದಲ ಸ್ಥಾನ ಪಡೆಯಿತು. ಅದರಲ್ಲಿ ಈಜುಕೊಳದಿಂದ ಬಂದ ಪಾಲು ದೊಡ್ಡದು. ಮಕ್ಕಳು ಈಜು ಕಲಿತದ್ದು ಕೇಂದ್ರಗಳ ಕೋಚ್‌ಗಳ ಬಳಿ. ಕಾಲೇಜು ಸೀಟು ಕೊಟ್ಟಿತು, ಹಾಜರಿಯಲ್ಲಿ ಸಡಿಲಿಕೆ ಕೊಟ್ಟಿತು, ಸ್ಪರ್ಧೆಗೆ ಕಳಿಸಿತು.

500 ಟ್ಯಾಂಕರ್ ನೀರು

ಒಲಿಂಪಿಕ್ ಅಳತೆಯ ಕೊಳ ಎಂದರೆ 50 ಮೀಟರ್ ಉದ್ದ, 25 ಮೀಟರ್ ಅಗಲ. ಎರಡು ಮೀಟರ್ ಆಳ ಹಿಡಿದರೆ 25 ಲಕ್ಷ ಲೀಟರ್ ನೀರು ಬೇಕು. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 500 ಟ್ಯಾಂಕರ್. ಬೇಸಿಗೆಯಲ್ಲಿ ಒಂದು ಟ್ಯಾಂಕರಿಗೆ ಕೊಡ ಸಾಲು ಹಚ್ಚುವ ಊರಿನಲ್ಲಿ ಈ ಮಾತು ಆಡುವುದೇ ತಪ್ಪಾದೀತು. ಆದರೆ 25 ಮೀಟರ್ ಉದ್ದ, 10 ಮೀಟರ್ ಅಗಲ, ನಾಲ್ಕು ಅಡಿ ಆಳದ ಕಲಿಕೆ ಕೊಳಕ್ಕೆ ಸುಮಾರು 60 ಟ್ಯಾಂಕರ್ ಸಾಕು. ಫಿಲ್ಟರ್ ಮಾಡಿದ ನೀರನ್ನೇ ಮತ್ತೆ ಮತ್ತೆ ಬಳಸುವುದರಿಂದ ದಿನಾ ತುಂಬಿಸುವ ಪ್ರಶ್ನೆ ಇಲ್ಲ.

ಅದೂ ಆಗದಿದ್ದರೆ ಬಾಂಗ್ಲಾದೇಶದ ದಾರಿ ಇದೆ. ಅಲ್ಲಿ 2000ದ ದಶಕದ ಮಧ್ಯಭಾಗದಿಂದ ಹಳ್ಳಿಯ ಕೆರೆಗಳಲ್ಲೇ ಬಿದಿರಿನ ಅಟ್ಟಣಿಗೆ ಕಟ್ಟಿ, ಊರಿನವರಿಗೇ ತರಬೇತಿ ಕೊಟ್ಟು, ಮಕ್ಕಳಿಗೆ ಈಜು ಕಲಿಸಿದರು. 25 ಮೀಟರ್ ಈಜಬೇಕು, 30 ಸೆಕೆಂಡ್ ತೇಲಬೇಕು, ಮುಳುಗುವವರನ್ನು ದಡದಿಂದಲೇ ಎಳೆಯಲು ಬರಬೇಕು. ಅಷ್ಟಾದರೆ ಪಾಸು. ಅದೇ ಬಾಂಗ್ಲಾದೇಶ ಐರ್ಲೆಂಡ್ ಜೊತೆಗೂಡಿ ಮುಂದಿಟ್ಟ ನಿರ್ಣಯದಿಂದಾಗಿ 2021ರಿಂದ ಜುಲೈ 25 ಮುಳುಗುವಿಕೆ ತಡೆ ದಿನ ಆಗಿದೆ. ಆರು ವರ್ಷ ದಾಟಿದ ಮಕ್ಕಳಿಗೆ ಈಜು ಕಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಸಕಾಮೊಟೊ ಮೇಷ್ಟ್ರ ಕಥೆ ಓದಿ ಹುಡುಗರನ್ನು ಕಾಲುವೆಗೆ ಬಿಡಬಾರದು ಎಂಬುದನ್ನೂ ಹೇಳಬೇಕು. ಸಿಮೆಂಟ್ ಹಾಕಿದ ಕಾಲುವೆಯ ಇಳಿಜಾರು ಗೋಡೆ ಪಾಚಿಯಿಂದ ಜಾರುತ್ತದೆ, ಈಜು ಬಂದವನಿಗೂ ಮೇಲೆ ಹತ್ತಲು ಆಗುವುದಿಲ್ಲ. ಆಳ ಗೊತ್ತಿಲ್ಲದ ಕಡೆ ತಲೆ ಕೆಳಗಾಗಿ ಡೈ ಹೊಡೆದರೆ ಕುತ್ತಿಗೆ ಮುರಿಯುತ್ತದೆ. ಯಾರಾದರೂ ಮುಳುಗುತ್ತಿದ್ದರೆ ಹಾರಬೇಡಿ. ಹಗ್ಗ, ಸೀರೆ, ಉದ್ದ ಕೋಲು, ಮುಚ್ಚಳ ಬಿಗಿದ ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆಯಿರಿ. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಹೋಗುವುದು ಹಾರಿದಾಗಲೇ.

1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ರಾಯದುರ್ಗ ತಾಲ್ಲೂಕಿನ ಮಕ್ಕಳು ಈಗ ಅನಂತಪುರದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಕಾಲೇಜುಗಳಲ್ಲೂ ಓದುತ್ತಾರೆ, ಗಡಿ ದಾಟಿ ಬಳ್ಳಾರಿ ಕಡೆಯ ಕಾಲೇಜುಗಳಲ್ಲೂ ಓದುತ್ತಾರೆ. ಅಂತರ ವಿಶ್ವವಿದ್ಯಾಲಯ ಸ್ಪರ್ಧೆಗಳಲ್ಲಿ ಈಜು, ಡೈವಿಂಗ್, ವಾಟರ್ ಪೋಲೊ ಮೂರೂ ಇವೆ. ವಿಶ್ವವಿದ್ಯಾಲಯದ ಆಯ್ಕೆಗೆ ಹೆಸರು ಕಳಿಸಲು ಪಿ.ಡಿ. ಸಾರ್ ಅರ್ಜಿ ತುಂಬಬೇಕು, ಪ್ರಿನ್ಸಿಪಾಲರು ಸಹಿ ಹಾಕಬೇಕು. ಕಾಲೇಜಿನಲ್ಲಿ ಈಜುಕೊಳ ಇರಲೇಬೇಕೆಂಬ ಷರತ್ತು ಇಲ್ಲ.